ಆಕ್ಯುರಸಿ 98 ಪರ್ಸೆಂಟ್, ರವಿಕೆ ಮಾತ್ರ ಕೂರ್ತಿಲ್ಲ

ಯಾವ ವರ್ಷದ ಫೈನಲ್ ಇಯರ್ ಪ್ರಾಜೆಕ್ಟ್ ಲಿಸ್ಟ್ ಬೇಕಾದರೂ ತೆಗೆದು ನೋಡಿ, 'ಮಷೀನ್ ಲರ್ನಿಂಗ್ ಬಳಸಿ ಸ್ತನ ಕ್ಯಾನ್ಸರ್ ಪತ್ತೆ' ಅನ್ನೋದು ಒಂದಾದರೂ ಇದ್ದೇ ಇರುತ್ತೆ. ಡೇಟಾ ಎಲ್ಲಿಂದ ಅಂತ ಕೇಳೋದೇ ಬೇಡ, ವಿಸ್ಕಾನ್ಸಿನ್ ಡೇಟಾಸೆಟ್. 569 ಸ್ಯಾಂಪಲ್, 30 ಫೀಚರ್. 357 ಅಪಾಯವಿಲ್ಲದ ಗಂಟುಗಳು, 212 ಕ್ಯಾನ್ಸರ್. ಒಂದು ಎಸ್‌ವಿಎಂ, ಒಂದು ರ‍್ಯಾಂಡಮ್ ಫಾರೆಸ್ಟ್, ಬಣ್ಣದ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್, ಕೊನೆಗೆ 97-98 ಪರ್ಸೆಂಟ್ ಆಕ್ಯುರಸಿ. ವೈವಾ ಮುಗೀತು. ಆ 212 ಕೇಸುಗಳಲ್ಲಿ ಆಮೇಲೆ ಏನಾಯ್ತು ಅಂತ ಎಕ್ಸ್‌ಟರ್ನಲ್ ಕೇಳಲ್ಲ, ನಾವೂ ಕೇಳಿಕೊಳ್ಳಲ್ಲ.

ಆಮೇಲೆ ಏನಾಗುತ್ತೆ ಅನ್ನೋದರ ಬಗ್ಗೆಯೇ ಈ ಬರಹ. ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು. ಗಂಟು ಚಿಕ್ಕದಿದ್ದಾಗಲೇ ಸಿಕ್ಕರೆ ಅಷ್ಟು ಭಾಗ ಮಾತ್ರ ತೆಗೆದು ಸ್ತನ ಉಳಿಸಬಹುದು. ನಮ್ಮ ಕಡೆ ತುಂಬಾ ಜನ ತಡವಾಗಿ ಹೋಗ್ತಾರೆ, ಹಾಗಾಗಿ ಇಡೀ ಸ್ತನ ತೆಗೆಯುವ ಮಾಸ್ಟೆಕ್ಟಮಿ ಇನ್ನೂ ಸಾಮಾನ್ಯ. ಹಾಗೆ ತೆಗೆದ ಜಾಗದಲ್ಲಿ ಮತ್ತೆ ಸ್ತನದ ಆಕಾರ ಕಟ್ಟಿಕೊಡೋದು ಮರುನಿರ್ಮಾಣ. ಅದು ನೋಡೋಕೆ ಹೇಗಿರುತ್ತೆ, ಎರಡು ಕಡೆ ಸಮ ಇದೆಯಾ ಅನ್ನೋದಕ್ಕೆ ಡಾಕ್ಟರುಗಳು 'ಈಸ್ಥೆಟಿಕ್ ಔಟ್‌ಕಮ್' ಅಂತಾರೆ. ಕೇಳಿದ ತಕ್ಷಣ ನಮಗೆ ಸಿನಿಮಾದವರ ಪ್ಲಾಸ್ಟಿಕ್ ಸರ್ಜರಿ ನೆನಪಾಗುತ್ತೆ. ತೊಂದರೆ ಶುರುವಾಗೋದೇ ಅಲ್ಲಿಂದ.

ನಮ್ಮಲ್ಲಿ ಕೆಲವರ ಊರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆ. ಅರ್ಧ ಕನ್ನಡ, ಅರ್ಧ ತೆಲುಗು, ಹಿಪ್ಪುನೇರಳೆ, ಟೊಮೆಟೊ, ಮನೆಗೆರಡು ಹಸು. ಅಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಹೆಸರು ಹೇಳಲ್ಲ, 'ಕಿದ್ವಾಯಿಗೆ ಹೋಗವ್ರೆ' ಅಂತಾರೆ, ಅಷ್ಟಕ್ಕೇ ಎಲ್ಲರಿಗೂ ಅರ್ಥ ಆಗುತ್ತೆ. ಬೆಂಗಳೂರಲ್ಲಿ 1973ರಲ್ಲಿ ಶುರುವಾದ ಆಸ್ಪತ್ರೆಯ ಹೆಸರೇ ಕಾಯಿಲೆಯ ಹೆಸರಾಗಿದೆ. ಆಪರೇಷನ್ ಆಗಿ ವಾಪಸ್ ಬಂದ ಹೆಂಗಸಿಗೆ ಎಲ್ಲರೂ ಹೇಳೋ ಮಾತು ಒಂದೇ: 'ಜೀವ ಉಳೀತಲ್ಲಮ್ಮಾ, ಅಷ್ಟು ಸಾಕು.' ಹೇಳೋರ ಮನಸ್ಸು ಒಳ್ಳೇದೇ. ಆದರೆ ಅದಾದ ಮೇಲೆ ಆಕೆ ಇನ್ನೇನೂ ಕೇಳೋ ಹಾಗಿಲ್ಲ. ರವಿಕೆ ಒಂದು ಕಡೆ ಜೋತು ಬೀಳುತ್ತೆ, ಹಳೇ ಸೀರೆ ತುಂಡು ಮಡಚಿ ಇಟ್ಟುಕೊಂಡರೆ ಸೊಪ್ಪು ಕೊಯ್ಯುವಾಗ ಜಾರುತ್ತೆ, ಟೈಲರ್ ಹತ್ರ ಅಳತೆ ಕೊಡೋಕೆ ಮುಜುಗರ, ಮದುವೆಗೆ ಕರೆದರೆ ಏನೋ ಒಂದು ನೆಪ. ಇದನ್ನು ಶೋಕಿ ಅಂತ ಕರೆಯೋದು ನಮಗೆ ಸರಿ ಕಾಣಲ್ಲ. ಮುಂಗಾಲು ಕಳೆದುಕೊಂಡವನು ಜೈಪುರ ಫುಟ್ ಕೇಳಿದರೆ 'ಜೀವ ಉಳೀತಲ್ಲ' ಅಂತ ನಾವ್ಯಾರೂ ಅನ್ನಲ್ಲ.

ಕಾನೂನು ಕೂಡ ಇದನ್ನು ಶೋಕಿ ಅನ್ನಲ್ಲ. ನಮ್ಮ ವಿಮಾ ನಿಯಂತ್ರಕ ಐಆರ್‌ಡಿಎಐ ಆರೋಗ್ಯ ವಿಮೆಗೆ ಕೊಟ್ಟಿರುವ ಪ್ರಮಾಣಿತ ಷರತ್ತಿನಲ್ಲಿ ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಹಣ ಇಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಮರುನಿರ್ಮಾಣ ಆ ನಿಷೇಧದಿಂದ ಹೊರಗೆ ಅಂತ ಅದೇ ವಾಕ್ಯದಲ್ಲಿದೆ. ಅಮೆರಿಕದಲ್ಲಿ 1998ರಲ್ಲೇ ಕಾನೂನು ಬಂತು: ಮಾಸ್ಟೆಕ್ಟಮಿಗೆ ಹಣ ಕೊಡೋ ವಿಮಾ ಕಂಪನಿ ಮರುನಿರ್ಮಾಣಕ್ಕೂ ಕೊಡಬೇಕು, ಎರಡೂ ಕಡೆ ಸಮ ಕಾಣಲಿ ಅಂತ ಇನ್ನೊಂದು ಸ್ತನಕ್ಕೆ ಮಾಡುವ ಸರ್ಜರಿಗೂ ಕೊಡಬೇಕು. ನಮ್ಮ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಪ್ಯಾಕೇಜ್‌ನಲ್ಲಿ ಏನು ಸೇರಿದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಆಪರೇಷನ್‌ಗೆ ಮುಂಚೆಯೇ ಕೇಳಬೇಕು. ಆದರೆ ಮರುನಿರ್ಮಾಣ ಅನ್ನೋದೊಂದು ಇದೆ ಅಂತಲೇ ಗೊತ್ತಿಲ್ಲದವರು ಏನು ಕೇಳ್ತಾರೆ?

ಈಗ ನಮ್ಮ ಇಷ್ಟದ ವಿಷಯಕ್ಕೆ ಬರೋಣ, ಅಳತೆ. 'ಚೆನ್ನಾಗಿ ಬಂದಿದೆ' ಅನ್ನೋದನ್ನು ನಂಬರ್ ಮಾಡೋದು ಹೇಗೆ? 1979ರಲ್ಲಿ ಹ್ಯಾರಿಸ್ ಮತ್ತು ಸಂಗಡಿಗರು ನಾಲ್ಕು ದರ್ಜೆ ಮಾಡಿದರು: ಅತ್ಯುತ್ತಮ, ಉತ್ತಮ, ಪರವಾಗಿಲ್ಲ, ಕಳಪೆ. ನೋಡಿದವರ ಕಣ್ಣಿಗೆ ಬಿಟ್ಟಿದ್ದು, ಒಬ್ಬ ಡಾಕ್ಟರಿಗೆ ಉತ್ತಮ ಕಂಡಿದ್ದು ಇನ್ನೊಬ್ಬರಿಗೆ ಪರವಾಗಿಲ್ಲ. 1985ರಲ್ಲಿ ಪೆಜ್ನರ್ ಸ್ಕೇಲ್ ತಂದ. ಕತ್ತಿನ ಕೆಳಗಿನ ಗುಣಿಯಿಂದ ಎರಡೂ ಮೊಲೆತೊಟ್ಟಿನ ಸ್ಥಾನ ಅಳೆದು, ಅಡ್ಡ ವ್ಯತ್ಯಾಸದ ವರ್ಗಕ್ಕೆ ಉದ್ದ ವ್ಯತ್ಯಾಸದ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಆಯ್ತು. ಹೌದು, ಹೈಸ್ಕೂಲಿನ ಪೈಥಾಗೊರಸ್. ಆಮೇಲೆ ಪೋರ್ಚುಗಲ್‌ನ ಪೋರ್ಟೊದಲ್ಲಿ ಬಿಸಿಸಿಟಿ ಡಾಟ್ ಕೋರ್ ಅನ್ನೋ ಸಾಫ್ಟ್‌ವೇರ್ ಬಂತು, ಸ್ತನ ಉಳಿಸಿಕೊಳ್ಳೋ ಸರ್ಜರಿಗಳಿಗೆ. ಫೋಟೋ ಕೊಟ್ಟರೆ ಅಸಮತೆ, ಚರ್ಮದ ಬಣ್ಣದ ಬದಲಾವಣೆ, ಗಾಯದ ಗುರುತು ಎಷ್ಟು ಕಾಣುತ್ತೆ ಅಂತ ಲೆಕ್ಕ ಹಾಕಿ ಅದೇ ನಾಲ್ಕು ದರ್ಜೆಗೆ ಹಾಕುತ್ತೆ. ಒಳಗಿರೋದು ಯಾವ ಅಲ್ಗಾರಿದಮ್ ಗೊತ್ತಾ? ನಮ್ಮ ಎಸ್‌ವಿಎಂ!

ಇಷ್ಟು ಓದಿ ನಮಗೂ ಖುಷಿಯಾಯ್ತು. ಆದರೆ ಫೋಟೋದಲ್ಲಿ ಬರದೇ ಇರೋದು ತುಂಬಾ ಇದೆ. ಮರುನಿರ್ಮಿಸಿದ ಸ್ತನದಲ್ಲಿ ಸ್ಪರ್ಶ ಬಹುಪಾಲು ಇರಲ್ಲ, ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಸುಟ್ಟರೂ ಗೊತ್ತಾಗದಷ್ಟು. ಇಂಪ್ಲಾಂಟ್ ಹಾಕಿದರೆ ದೇಹ ಅದರ ಸುತ್ತ ನಾರಿನಂಥ ಪೊರೆ ಕಟ್ಟುತ್ತೆ. ಕೆಲವರಲ್ಲಿ ಆ ಪೊರೆ ಬಿಗಿಯಾಗಿ ಗಟ್ಟಿಯಾಗುತ್ತೆ, ನೋಯುತ್ತೆ, ರೇಡಿಯೇಷನ್ ಆಗಿದ್ದರೆ ಇದರ ಸಾಧ್ಯತೆ ಹೆಚ್ಚು. ಮೊದಲು ಎಕ್ಸ್‌ಪ್ಯಾಂಡರ್ ಇಟ್ಟು ವಾರಗಟ್ಟಲೆ ಸಲೈನ್ ತುಂಬಿಸಬೇಕಾದರೆ ಮತ್ತೆ ಮತ್ತೆ ಬೆಂಗಳೂರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಇಲ್ಲ ನಿಜ, ಆದರೆ ಹೋದ ದಿನದ ಕೂಲಿಯೂ ಇಲ್ಲ. ಇಂಪ್ಲಾಂಟ್ ಜೀವನಪೂರ್ತಿ ಬಾಳುತ್ತೆ ಅಂತಲೂ ಇಲ್ಲ.

ಸ್ವಂತ ಮಾಂಸದಿಂದಲೂ ಕಟ್ಟಬಹುದು. ಬೆನ್ನಿನ ಲ್ಯಾಟಿಸಿಮಸ್ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವ ವಿಧಾನವನ್ನು ಇಟಲಿಯ ತಾನ್‌ಸೀನಿ 1906ರಲ್ಲೇ ಬರೆದಿದ್ದ. ಹೊಟ್ಟೆಯ ಸ್ನಾಯು ಸಮೇತ ಚರ್ಮ, ಕೊಬ್ಬು ತರುವ ಟ್ರಾಮ್ ಫ್ಲ್ಯಾಪ್ 1982ರಲ್ಲಿ ಬಂತು. ಫೋಟೋದಲ್ಲಿ ಎರಡೂ ಚೆನ್ನಾಗೇ ಕಾಣಬಹುದು. ಆದರೆ ಲ್ಯಾಟಿಸಿಮಸ್ ಅಂದರೆ ತೋಳನ್ನು ಕೆಳಗೆ, ಹಿಂದಕ್ಕೆ ಎಳೆಯೋ ಸ್ನಾಯು. ಹೊಟ್ಟೆಯ ಸ್ನಾಯು ತೆಗೆದರೆ ಅಲ್ಲಿ ಗೋಡೆ ಸಡಿಲವಾಗಿ ಉಬ್ಬು ಬರಬಹುದು, ಹರ್ನಿಯಾ ಆಗಬಹುದು. ಎಸಿ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರೋರಿಗೆ ಅದು ಸಣ್ಣ ಬೆಲೆ ಇರಬಹುದು. ಸೊಪ್ಪಿನ ಹೊರೆ ಎತ್ತೋ, ಟೊಮೆಟೊ ಬಾಕ್ಸ್ ಇಳಿಸೋ ಹೆಂಗಸಿಗೆ ಅದು ದುಡಿಮೆಯ ಪ್ರಶ್ನೆ. ಸ್ನಾಯು ಉಳಿಸಿ ಬರೀ ಚರ್ಮ, ಕೊಬ್ಬು ತರುವ ಡೀಪ್ ಫ್ಲ್ಯಾಪ್ ಇದೆ, ಆದರೆ ಎರಡು-ಮೂರು ಮಿಲಿಮೀಟರ್ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಹೊಲಿಯಬೇಕು. ಗಂಟೆಗಟ್ಟಲೆ ಕೆಲಸ, ಪಳಗಿದ ತಂಡ ಬೇಕು. ಅದಕ್ಕೇ ಎಲ್ಲಾ ಕಡೆ ಸಿಗಲ್ಲ.

ಇನ್ನು ಏನೂ ಕಟ್ಟಿಸಿಕೊಳ್ಳದೆ ಸಪಾಟಾಗಿ ಇರ್ತೀನಿ ಅನ್ನೋರೂ ಇದಾರೆ. ಅದೂ ಒಂದು ಆಯ್ಕೆಯೇ. ಅಲ್ಲೂ ಚರ್ಮ ಜೋಲು ಬೀಳದ ಹಾಗೆ ನೀಟಾಗಿ ಹೊಲಿಯೋದಕ್ಕೆ ಒಂದು ವಿಧಾನ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತನ್ನ ಪದಕೋಶದಲ್ಲಿ 'ಈಸ್ಥೆಟಿಕ್ ಫ್ಲ್ಯಾಟ್ ಕ್ಲೋಷರ್' ಅಂತ ಅದಕ್ಕೆ ಹೆಸರನ್ನೂ ಕೊಟ್ಟಿದೆ. ಬೇಡ ಅಂದೋರಿಗೂ ಹೇಗೆ ಕಾಣ್ತೀನಿ ಅನ್ನೋದು ಮುಖ್ಯವೇ ಅಂತ ಇದರಿಂದ ಗೊತ್ತಾಗುತ್ತೆ.

ಹಾಗಾದರೆ ಅಳೆಯೋರು ಯಾರು? ಆಕೆಯನ್ನೇ ಕೇಳಬೇಕು ಅನ್ನೋದು ನಮ್ಮ ವಾದ. ಇದು ನಮ್ಮ ಹೊಸ ಶೋಧ ಏನಲ್ಲ. ಆಂಡ್ರಿಯಾ ಪ್ಯೂಸಿಕ್ ಮತ್ತು ತಂಡ 2009ರಲ್ಲಿ ಪ್ರಕಟಿಸಿದ ಬ್ರೆಸ್ಟ್-ಕ್ಯೂ ಅನ್ನೋ ಪ್ರಶ್ನಾವಳಿ ಇದನ್ನೇ ಮಾಡುತ್ತೆ. ಬಟ್ಟೆ ಹಾಕಿಕೊಂಡಾಗ, ಕನ್ನಡಿ ಮುಂದೆ ನಿಂತಾಗ ಎಷ್ಟು ತೃಪ್ತಿ ಅಂತ ರೋಗಿಯನ್ನೇ ಕೇಳಿ 0ಯಿಂದ 100ರವರೆಗೆ ಅಂಕ ಮಾಡುತ್ತೆ. ನಮ್ಮ ತಲೆಹರಟೆ ಶುರುವಾಗೋದು ಇಲ್ಲಿ: ಅದರಲ್ಲಿ ಬ್ರಾ ಹೇಗೆ ಕೂರುತ್ತೆ ಅನ್ನೋ ಪ್ರಶ್ನೆ ಇದೆ. ಬರೀ ರವಿಕೆ ತೊಡೋ ಅಜ್ಜಿಗೆ ಅದನ್ನು ಹೇಗೆ ಕೇಳ್ತೀರಾ? ಭಾಷಾಂತರ ಮಾಡಿದರೆ ಸಾಲದು. 'ರವಿಕೆ ಎರಡೂ ಕಡೆ ಒಂದೇ ಥರ ಕೂರುತ್ತಾ ಅಮ್ಮಾ? ಸೆರಗು ಜಾರಿದಾಗ ಗಾಬರಿ ಆಗುತ್ತಾ? ಹೊರೆ ಎತ್ತುವಾಗ ಎಳೆಯುತ್ತಾ?' ಅಂತ ಕೇಳಬೇಕು, ಕೆಂಚಾರ್ಲಹಳ್ಳಿಯಲ್ಲಾದರೆ ತೆಲುಗಲ್ಲೂ. ಕೇಳೋರು ಹೆಂಗಸಾಗಿರಬೇಕು, ಗಂಡನೋ ಮಗನೋ ಪಕ್ಕದಲ್ಲಿ ನಿಂತಿರಬಾರದು.

ಈ ವಿಷಯದಲ್ಲಿ ಕನ್ನಡಕ್ಕೆ ಮಾತಿಲ್ಲ ಅಂತಲ್ಲ. ಬಿ.ವಿ. ಭಾರತಿಯವರು ತಮ್ಮ ಸ್ತನ ಕ್ಯಾನ್ಸರ್ ದಿನಗಳ ಬಗ್ಗೆ 'ಸಾಸಿವೆ ತಂದವಳು' ಬರೆದಿದಾರೆ. ನಾವು ಹುಡುಗರಂತೂ ಆ ಪದ ಬಂದರೆ ಇಂಗ್ಲಿಷಿಗೆ ಹಾರ್ತೀವಿ, ಇಲ್ಲಾ ನಗ್ತೀವಿ.

ಆದ್ದರಿಂದ ಈ ಸಲದ ಪ್ರಾಜೆಕ್ಟ್‌ಗೆ ವಿಸ್ಕಾನ್ಸಿನ್ ಬಿಟ್ಟು ಬೇರೆ ಏನಾದರೂ ನೋಡಿ. ಮೆಕ್ಯಾನಿಕಲ್‌ನವರಿಗೆ: ರವಿಕೆಯೊಳಗೆ ಹೊಲಿದುಕೊಳ್ಳಬಹುದಾದ, ಚಿಂತಾಮಣಿಯ ಏಪ್ರಿಲ್ ಬಿಸಿಲಲ್ಲೂ ಬೆವರು ನಿಲ್ಲದ, ಒಗೆದರೆ ಆಕಾರ ಕೆಡದ ಪ್ರಾಸ್ಥೆಸಿಸ್. ತೂಕ ಇನ್ನೊಂದು ಕಡೆಗೆ ಹೊಂದಬೇಕು, ಬೆಲೆ ಒಂದು ಹತ್ತಿ ಸೀರೆಗಿಂತ ಹೆಚ್ಚಾಗಬಾರದು. ಸಿಎಸ್‌ನವರಿಗೆ: ಓದು ಬಾರದವರಿಗೂ ಪ್ರಶ್ನೆ ಓದಿ ಹೇಳುವ, ಫೋಟೋ ಕೇಳದ, ಹೆಸರು ಉಳಿಸಿಕೊಳ್ಳದ ಕನ್ನಡ-ತೆಲುಗು ಆ್ಯಪ್. ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆಗೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಏಳನೇ ಸೆಮಿಸ್ಟರ್‌ಗೆ ಕಾಯದೆ ಐದರಲ್ಲೇ ಅರ್ಜಿ ಹಾಕಿ. ಹುಡುಗರ ಟೀಮ್ ಆದರೆ ಒಬ್ಬಳು ಹುಡುಗಿಯನ್ನು ಸೇರಿಸಿಕೊಳ್ಳಿ, ಪಿಪಿಟಿ ಮಾಡೋಕಲ್ಲ.