ಪ್ರಶಸ್ತಿ ಬಂದ ಕಾದಂಬರಿಗೆ ನಮ್ಮ ಅಭಿಪ್ರಾಯವೂ ಬೇಕು

ಪ್ರಶಸ್ತಿ ಬಂದ ಪುಸ್ತಕದ ಬಗ್ಗೆ ಮಾತಾಡುವವರು ಯಾರು? ಪತ್ರಿಕೆಗಳಲ್ಲಿ ವಿಮರ್ಶಕರು, ಕಾಲೇಜುಗಳಲ್ಲಿ ಮೇಷ್ಟರುಗಳು, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರು. ಆ ಪುಸ್ತಕದ ಒಳಗೆ ಏಟು ತಿಂದವಳೊಬ್ಬಳು ಇರುತ್ತಾಳೆ, ಅಪ್ಪನ ಸಾಲಕ್ಕೆ ದುಡಿಯಲು ಹೋದವಳು ಇರುತ್ತಾಳೆ. ಹಾಗೆಯೇ ಬದುಕಿದ ಹೆಣ್ಣುಮಕ್ಕಳನ್ನು ಮಾತ್ರ "ನಿನಗೇನನ್ನಿಸಿತವ್ವಾ?" ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ನನ್ನ ವಾದ. ಓದು ಬಾರದವಳಿಗೆ ಅಭಿಪ್ರಾಯವೂ ಇರುವುದಿಲ್ಲವೆಂದು ಹೇಳಿದವರು ಯಾರು?

ಜಗಳೂರಿನ ನಮ್ಮ ಸಂಘದಲ್ಲಿ ಹದಿನೆಂಟು ಜನ. ಸರಾಗವಾಗಿ ಓದುವವರು ಏಳು ಮಂದಿ. ತಿಂಗಳಿಗೊಮ್ಮೆ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪುಸ್ತಕದ ಕಥೆ ಹೇಳುವುದು, ಆಮೇಲೆ ಎಲ್ಲರೂ ಮಾತಾಡುವುದು ಎಂದು ಮಾಡಿಕೊಂಡಿದ್ದೇವೆ. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ಎಂಟು ಜನ ಬಂದರೆ ಹೆಚ್ಚು, ಉಳಿದ ದಿನಗಳಲ್ಲಿ ಬಾಗಿಲ ತನಕ ಕೂತಿರುತ್ತಾರೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಸುದ್ದಿ ಹೇಳಿದ ದಿನ ಒಬ್ಬಾಕೆ, "ಪರದೇಶದೋರು ನಮ್ಮ ಹೆಣ್ಮಕ್ಕಳ ಕಥೆ ಓದ್ಯಾರೆ. ಅವರ ಹೆಣ್ಮಕ್ಕಳ ಕಥೆ ನಾವು ಕೇಳೋದು ಬ್ಯಾಡವಾ ಟೀಚರಮ್ಮಾ?" ಎಂದಳು. ನನ್ನ ತಂಗಿಯ ಮಗಳು ಮೆಲ್ಬೋರ್ನಿನಲ್ಲಿದ್ದಾಳೆ. ರಜೆಗೆ ಬಂದಾಗ ಮೂರು ಕಾದಂಬರಿ ತಂದುಕೊಟ್ಟಳು. ಮೂರೂ ಆಸ್ಟ್ರೇಲಿಯಾದ ಹೆಂಗಸರು ಬರೆದವು. ನಾನು ಓದಿ, ಮೂರು ತಿಂಗಳು ನಮ್ಮ ಮಾತಿನಲ್ಲಿ ಕಥೆ ಹೇಳಿದೆ.

ಮೊದಲನೆಯದು ಹಳೆಯದು, 1901ರದು. ಹೆಸರು 'ಮೈ ಬ್ರಿಲಿಯಂಟ್ ಕರಿಯರ್'. ಬರೆದವಳ ಪೂರ್ತಿ ಹೆಸರು ಸ್ಟೆಲ್ಲಾ ಮರಿಯಾ ಸಾರಾ ಮೈಲ್ಸ್ ಫ್ರಾಂಕ್ಲಿನ್. ಗಂಡಸು ಬರೆದದ್ದೆಂದು ಜನ ತಿಳಿಯಲೆಂದು 'ಸ್ಟೆಲ್ಲಾ' ಬಿಟ್ಟು 'ಮೈಲ್ಸ್' ಮಾತ್ರ ಇಟ್ಟುಕೊಂಡಳು. ಮಳೆಯಿಲ್ಲದ ಸೀಮೆ, ಮೇವಿಲ್ಲದ ದನ, ಕುಡಿಯುವ ಅಪ್ಪ. ಅಪ್ಪ ಮಾಡಿದ ಸಾಲದ ಬಡ್ಡಿಗೆ ಬದಲಾಗಿ ಮಗಳು ಸಾಲಗಾರನ ಮನೆಗೆ ಹೋಗಿ ಅವನ ಮಕ್ಕಳಿಗೆ ಪಾಠ ಹೇಳಬೇಕು. ಇಷ್ಟು ಹೇಳುವಷ್ಟರಲ್ಲಿ ಹಿರಿಯರೊಬ್ಬರು, "ಇದು ಆಸ್ಟ್ರೇಲಿಯಾ ಅಲ್ಲವ್ವ, ಬಿದರಕೆರೆ ಕಡೇದು" ಎಂದುಬಿಟ್ಟರು. ಬರಗಾಲ ಬಂದಾಗ ಮೊದಲು ಒತ್ತೆ ಬೀಳುವುದು ಬಂಗಾರ, ಆಮೇಲೆ ಹೆಣ್ಣುಮಕ್ಕಳ ಓದು. ಇದನ್ನು ಜಗಳೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕೆ?

ಜಗಳ ಹತ್ತಿದ್ದು ಕೊನೆಯ ಭಾಗಕ್ಕೆ. ಆ ಹುಡುಗಿಯನ್ನು ಒಬ್ಬ ಅನುಕೂಲಸ್ಥ ಯುವಕ ಮದುವೆಯಾಗುತ್ತೇನೆ ಎನ್ನುತ್ತಾನೆ. ಮನಸ್ಸಿನಿಂದಲೇ ಕೇಳುತ್ತಾನೆ. ಅವಳು ಬೇಡವೆನ್ನುತ್ತಾಳೆ. ಅವಳಿಗೆ ಬರೆಯಬೇಕು. "ಚಿನ್ನದಂಥ ಗಂಡು, ಬ್ಯಾಡ ಅಂದ್ಲಲ್ಲ, ತಲೆ ಕೆಟ್ಟಿತ್ತಾ?" ಎಂದು ಅರ್ಧ ಜನ. ಆಗ ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾದ ಒಬ್ಬಳು, ಅಲ್ಲಿಯ ತನಕ ಸುಮ್ಮನಿದ್ದವಳು, "ಬ್ಯಾಡ ಅನ್ನಾಕೆ ಅವನು ಕೆಟ್ಟೋನೇ ಆಗಿರಬೇಕೇನು?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ನಾನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ ನಮ್ಮನ್ನು ಕೇಳುವುದೇನು? ಹೊಡೆದನಾ, ಎಲ್ಲಿ ಗಾಯ ತೋರಿಸು. ವರದಕ್ಷಿಣೆ ಕೇಳಿದನಾ, ಸಾಕ್ಷಿ ಯಾರು. ಮೈಮೇಲೆ ಬಾಸುಂಡೆ ಇದ್ದರೆ ಮಾತ್ರ ಹೆಣ್ಣು 'ಒಲ್ಲೆ' ಎನ್ನಬಹುದು! 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು ಎಲ್ಲವನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಕಾಯ್ದೆ ಒಪ್ಪಿಕೊಂಡದ್ದನ್ನು ಊರು ಇನ್ನೂ ಒಪ್ಪಿಲ್ಲ. ಅವಳ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದಿನದು. ದೌರ್ಜನ್ಯವೇ ಇಲ್ಲದಿದ್ದರೂ ತನ್ನ ಬದುಕನ್ನು ತಾನು ಆರಿಸಿಕೊಳ್ಳಬಹುದೇ ಎಂಬುದು. ಅವತ್ತು ಇದಕ್ಕೆ ಒಮ್ಮತ ಬರಲಿಲ್ಲ. ಬರಬೇಕೆಂದೂ ಇರಲಿಲ್ಲ.

ಈ ಲೇಖಕಿ 1954ರಲ್ಲಿ ತೀರಿಕೊಂಡಳು. ಇದ್ದ ಹಣವನ್ನು ಕಾದಂಬರಿ ಪ್ರಶಸ್ತಿಗೆಂದು ಉಯಿಲಿನಲ್ಲಿ ಬರೆದಿಟ್ಟಿದ್ದಳು. 1957ರಲ್ಲಿ ಮೊದಲ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಪ್ಯಾಟ್ರಿಕ್ ವೈಟ್ ಅವರ 'ವಾಸ್' ಕಾದಂಬರಿಗೆ ಹೋಯಿತು. ಅದು ಆ ದೇಶದ ದೊಡ್ಡ ಪ್ರಶಸ್ತಿಯಾಗಿ ಬೆಳೆಯಿತು. ಹೆಣ್ಣಿನ ದುಡ್ಡಿನಲ್ಲಿ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿನಲ್ಲಿ 2009ರಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. 2011ರಲ್ಲೂ ಇರಲಿಲ್ಲ. ಅಲ್ಲಿಯ ಲೇಖಕಿಯರು, ಪುಸ್ತಕ ಪ್ರಕಟಿಸುವ ಮತ್ತು ಮಾರುವ ಹೆಂಗಸರು ಸೇರಿ ಹೆಣ್ಣುಮಕ್ಕಳ ಬರವಣಿಗೆಗೇ ಬೇರೊಂದು ಪ್ರಶಸ್ತಿ ಕಟ್ಟಿದರು. 2013ರಿಂದ ಕೊಡಲು ಶುರು ಮಾಡಿದ ಆ ಪ್ರಶಸ್ತಿಗೆ 'ಸ್ಟೆಲ್ಲಾ' ಎಂದು ಹೆಸರಿಟ್ಟರು. ಅವಳು ಅಂಜಿ ಬಿಟ್ಟಿದ್ದ ಅದೇ ಹೆಸರು.

ನಮ್ಮಲ್ಲೇನು ಕಡಿಮೆ? ಕನ್ನಡಕ್ಕೆ ಎಂಟು ಜ್ಞಾನಪೀಠ ಎಂದು ಶಾಲೆಯ ಗೋಡೆ ಗೋಡೆಗೂ ಚಿತ್ರ ತೂಗುಹಾಕುತ್ತೇವೆ. ಎಂಟೂ ಗಂಡಸರವು. ಅವರು ಯೋಗ್ಯರಲ್ಲವೆಂದು ನಾನು ಹೇಳುತ್ತಿಲ್ಲ. ನಾನೇ ಮೂವತ್ತು ವರ್ಷ ಆ ಚಿತ್ರಗಳ ಕೆಳಗೆ ಪಾಠ ಮಾಡಿದವಳು. 1955ರಿಂದ ಪ್ರಶಸ್ತಿ ಕೊಡುತ್ತಿರುವ ಕೇಂದ್ರ ಸಾಹಿತ್ಯ ಅಕಾಡೆಮಿ ಕನ್ನಡದ ಒಬ್ಬ ಲೇಖಕಿಯನ್ನು ಕಂಡದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ. ಅರ್ಧ ಶತಮಾನ! ಆ ಐವತ್ತು ವರ್ಷಗಳಲ್ಲಿ ತ್ರಿವೇಣಿ ಬರೆದರು, ಅನುಪಮಾ ನಿರಂಜನ ಬರೆದರು, 'ಫಣಿಯಮ್ಮ' ಬರೆದ ಎಂ.ಕೆ. ಇಂದಿರಾ ಇದ್ದರು. ಅಡುಗೆಮನೆಯ ಕಥೆ ಸಣ್ಣದು, ಯುದ್ಧದ ಕಥೆ ದೊಡ್ಡದು ಎಂಬ ತಕ್ಕಡಿ ಯಾರದು? ಬಾಗಿಲು ಹಾಕಿಕೊಂಡು ಹೊಡೆಯುವುದು 'ಮನೆಯ ವಿಷಯ' ಎಂದು ದೂರು ಕೊಡಲು ಹೋದವಳನ್ನು ವಾಪಸು ಕಳಿಸುವ ತಕ್ಕಡಿಯೂ ಅದೇ ಎಂದು ನನಗೆ ಅನುಮಾನ.

ಎರಡನೆಯ ಪುಸ್ತಕ ಷಾರ್ಲೆಟ್ ವುಡ್ ಅವರದು, 'ದಿ ನ್ಯಾಚುರಲ್ ವೇ ಆಫ್ ಥಿಂಗ್ಸ್'. 2016ರಲ್ಲಿ ಸ್ಟೆಲ್ಲಾ ಪ್ರಶಸ್ತಿ ಪಡೆದದ್ದು. ಕೆಲವು ಹುಡುಗಿಯರನ್ನು ಮತ್ತು ಬರಿಸಿ ಹೊತ್ತೊಯ್ದು, ತಲೆ ಬೋಳಿಸಿ, ದಿಕ್ಕಿಲ್ಲದ ಬಯಲಿನಲ್ಲಿ ವಿದ್ಯುತ್ ಬೇಲಿಯೊಳಗೆ ಕೂಡಿಹಾಕುತ್ತಾರೆ. ಒಬ್ಬೊಬ್ಬಳ ಹೆಸರೂ ಯಾರೋ ದೊಡ್ಡ ಗಂಡಸಿನೊಂದಿಗೆ ಊರ ಬಾಯಿಗೆ ಬಿದ್ದಿರುತ್ತದೆ. ಅದೇ ಅವರ ತಪ್ಪು. "ಆ ಗಂಡಸರನ್ನ ಯಾವ ಬೇಲಿಯಾಗೆ ಹಾಕಿದ್ರು?" ಎಂದು ಕೇಳಿದವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಇನ್ನೊಬ್ಬಳು ಎದ್ದೇ ಹೋದಳು, ಇಂಥ ಕಥೆ ಕೇಳಿದರೆ ನಿದ್ದೆ ಬರಲ್ಲವೆಂದು. ನನಗೂ ಆ ಪುಸ್ತಕ ಪೂರ್ತಿ ಹಿಡಿಸಲಿಲ್ಲ, ಕತ್ತಲೆ ಹೆಚ್ಚಾಯಿತು. ಆದರೆ ಊಟ ತೀರಿದಾಗ ಒಬ್ಬ ಹುಡುಗಿ ಮೊಲ ಹಿಡಿದು ಎಲ್ಲರನ್ನೂ ಬದುಕಿಸುವ ಭಾಗ ಹೇಳಿದಾಗ ನಮ್ಮವರು ನೆಟ್ಟಗೆ ಕೂತರು. ಅಜ್ಜನ ಕಾಲದಲ್ಲಿ ಉರುಳು ಹೇಗೆ ಕಟ್ಟುತ್ತಿದ್ದರು ಎಂಬ ಮಾತೇ ಅರ್ಧ ಗಂಟೆ ನಡೆಯಿತು.

ಮೂರನೆಯದರ ಹೆಸರೇ ನಮ್ಮವರಿಗೆ ಬಲು ಇಷ್ಟವಾಯಿತು. 'ಟೂ ಮಚ್ ಲಿಪ್', ಅಂದರೆ 'ಬಾಯಿ ಜಾಸ್ತಿ'! ಬರೆದ ಮೆಲಿಸ್ಸಾ ಲುಕಾಶೆಂಕೊ ಅಲ್ಲಿಯ ಮೂಲನಿವಾಸಿ ಸಮುದಾಯದವರು. 2019ರಲ್ಲಿ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಬಂತು. ಬಿಳಿಯರು ನೆಲ ಕಿತ್ತುಕೊಂಡರು, ಪೊಲೀಸರು ಹೊಡೆದರು. ಆ ನೋವು ಮನೆಯೊಳಗೆ ಬಂದು ಹೆಂಗಸರ ಮೇಲೆ, ಮಕ್ಕಳ ಮೇಲೆ ಇಳಿಯಿತು. ಮನೆಯ ಹಿರಿಯನಿಂದ ತನಗಾದ ದೌರ್ಜನ್ಯವನ್ನು ಮಗಳೊಬ್ಬಳು ಬಾಯಿಬಿಟ್ಟು ಹೇಳಿದಾಗ ಮನೆ ಎರಡು ಹೋಳಾಗುತ್ತದೆ. ಇದನ್ನು ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ದಲಿತ ಕೇರಿಯ ಒಬ್ಬ ಅಕ್ಕ ಹೇಳಿದರು: "ನಮ್ಮ ಗಂಡಸರು ಹೊಡೀತಾರೆ ಅಂತ ನಿಮ್ಮ ಮುಂದೆ ಹೇಳಿದ್ರೆ, ಆ ಜನಾನೇ ಹಂಗೆ ಅಂತೀರಿ. ಹೇಳದಿದ್ರೆ ನಾವು ಸಾಯ್ತೀವಿ. ಆಯಮ್ಮ ಹೇಳಿದಾಳೆ, ಅವಳ ಎದೆ ಗಟ್ಟಿ."

ಸಭೆಯಲ್ಲಿದ್ದ ಮೇಲ್ಜಾತಿಯವರು, ನಾನೂ ಸೇರಿ, ತಲೆ ತಗ್ಗಿಸಿದೆವು. ವರ್ಷಗಟ್ಟಲೆ ಒಂದೇ ಸಂಘದಲ್ಲಿ ಸಾಲ ತೆಗೆದು ತೀರಿಸಿದ್ದೇವೆ. ಈ ಮಾತು ಒಮ್ಮೆಯೂ ನಮ್ಮ ನಡುವೆ ಬಂದಿರಲಿಲ್ಲ. ಕಾದಂಬರಿಯ ಪಾತ್ರದ ನೆವ ಸಿಕ್ಕಿತು, ಬಂತು. ಪುಸ್ತಕ ಓದಿದರೆ ಏಟು ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ನಿಲ್ಲುವುದಿಲ್ಲ. ಆದರೆ 'ನನಗೆ ಹೀಗಾಯಿತು' ಎನ್ನಲಾರದವಳು 'ಅವಳಿಗೆ ಹೀಗಾಯಿತಲ್ಲ' ಎಂದು ಶುರು ಮಾಡಬಲ್ಲಳು. ಆ ಅಕ್ಕ ಮಾರನೆಯ ವಾರ ನನ್ನ ಮನೆಗೆ ಬಂದರು. ತಾಲ್ಲೂಕಿನ ರಕ್ಷಣಾಧಿಕಾರಿಯನ್ನು ಹೇಗೆ ಕಾಣುವುದೆಂದು ಕೇಳಿದರು. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದು.

ಈಗ ಸಂಘದಲ್ಲಿ ಬೇರೆ ಚರ್ಚೆ ನಡೆದಿದೆ. ತಿಂಗಳಿಗೆ ಒಬ್ಬೊಬ್ಬರು ಐದು ರೂಪಾಯಿ ಪುಸ್ತಕಕ್ಕೆಂದು ತೆಗೆದಿಡಬೇಕೆಂದು ನಾನು ಕೇಳಿದ್ದೇನೆ. ಮೂವರು ಒಪ್ಪಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೇ ಸಿಗುವುದನ್ನು ಕೊಳ್ಳುವುದೇಕೆ ಎಂದು ಅವರ ವಾದ, ಅದರಲ್ಲೂ ಹುರುಳಿದೆ. ಮುಂದಿನ ಪುಸ್ತಕ ಮಾತ್ರ ಗೊತ್ತಾಗಿದೆ: 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ವಿಜಯಾ ಅವರ ಆತ್ಮಕಥೆ 'ಕುದಿ ಎಸರು'. ಗಂಡನ ಮನೆಯ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಬರೆದ ಪುಸ್ತಕ, ಕನ್ನಡದಲ್ಲೇ ಇದೆ. ಆದ್ದರಿಂದ ಈ ಸಲ ನಾನು ಕಥೆ ಹೇಳುವುದಿಲ್ಲ. ಓದಬಲ್ಲ ಏಳು ಮಂದಿ ಪಾಳಿಯ ಮೇಲೆ ಜೋರಾಗಿ ಓದುತ್ತಾರೆ. ಮೊದಲ ಪಾಳಿ ಬೇಲಿಯ ಪ್ರಶ್ನೆ ಕೇಳಿದ ಹುಡುಗಿಯದು.