ಸರ್ವರ್ ಪರವಾಗಿ ಒಂದು ವಕಾಲತ್ತು

"ನಮ್ಮ ಮನೆ, ನಮ್ಮ ಕಂಪ್ಯೂಟರು, ಒಳಗಿರುವುದೂ ನಮ್ಮದೇ ಲೆಕ್ಕ. ನಮ್ಮನ್ನೇ ಒಳಗೆ ಬಿಡುವುದಿಲ್ಲ ಅಂದರೆ ಏನರ್ಥ?" ಮನೆಯಲ್ಲಿ ಡೇಟಾಬೇಸ್ ಸರ್ವರ್ ಇಟ್ಟುಕೊಂಡವರ ಬಾಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. ಕೊಡಗಿನ ತೋಟದ ಮನೆಗಳಲ್ಲಿ ಇಂಥ ಸರ್ವರನ್ನು ನಾನು ನೋಡಿದ್ದೇನೆ. ಆಫೀಸು ಕೋಣೆಯ ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪೋ ಅಂಗೈಯಗಲದ ರಾಸ್ಪ್‌ಬೆರಿ ಪೈಯೋ ಇರುತ್ತದೆ, ಅದರೊಳಗೆ ಮರಿಯಾಡಿಬಿ ಅಥವಾ ಮೈಎಸ್‌ಕ್ಯೂಎಲ್. ಆಳುಗಳ ಚೆಕ್‌ರೋಲು, ಕೊಯ್ಲಿನ ತೂಕ, ಕಣದಲ್ಲಿ ಒಣಗಿದ ಕಾಫಿ ಚೆರಿಯ ಮೂಟೆ, ಮೆಣಸಿನ ಬಾಬ್ತು, ಹೋಮ್‌ಸ್ಟೇ ಇದ್ದರೆ ಅದರ ಬುಕಿಂಗು, ಎಲ್ಲ ಅದರಲ್ಲೇ. ತೋಟದ ಮನೆ ಅಂದಮೇಲೆ ಇಂಚು ಸೆಂಟುಗಳಲ್ಲಿ ಬರೆದಿಟ್ಟ ಮಳೆಯಂತೂ ಇದ್ದೇ ಇದೆ.

ಈ ಮಾತಿಗೆ ಬಹುಮತದ ಪರಿಹಾರವೂ ಸಿದ್ಧವಾಗಿದೆ. ಫೈಲುಗಳಿಗೆಲ್ಲ 777 ಅನುಮತಿ ಕೊಟ್ಟುಬಿಡಿ. ಬಳಕೆದಾರನಿಗೆ ಎಲ್ಲ ಡೇಟಾಬೇಸಿನ ಮೇಲೂ ಎಲ್ಲ ಹಕ್ಕು ಕೊಡಿ. ಯಾವ ವಿಳಾಸದಿಂದ ಬಂದರೂ ಬಿಡಲಿ ಎಂದು ಶೇಕಡಾ ಚಿಹ್ನೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಹಕ್ಕುಪಟ್ಟಿಯನ್ನೇ ಓದದಂತೆ ಸರ್ವರ್ ಶುರು ಮಾಡಿ. ಈ ಸಲಹೆ ಕೊಡುವವರು ದಡ್ಡರಲ್ಲ. ಶನಿವಾರ ಸಂಜೆ ಬಟವಾಡೆಗೆ ಲೈನ್‌ಮನೆಯವರು ಬಂದು ನಿಂತಿರುವಾಗ ಚೆಕ್‌ರೋಲು ತೆರೆಯದಿದ್ದರೆ ತತ್ತ್ವ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಸಂಜೆಗೆ ಅವರ ಔಷಧ ಕೆಲಸ ಮಾಡುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ಅವರಲ್ಲಿ ವಿನಂತಿಪೂರ್ವಕವಾಗಿ ಹೇಳಬೇಕಾದ್ದಿದೆ: ಅಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಬಿಡುವುದಿಲ್ಲ ಎಂದ ಸರ್ವರ್ ತನ್ನ ಕೆಲಸ ಮಾಡುತ್ತಿತ್ತು. ಯಾಕೆ ಬಿಡುವುದಿಲ್ಲ ಎಂದೂ ಹೇಳುತ್ತಿತ್ತು. ನಾವು ಕೇಳಿಸಿಕೊಳ್ಳದೆ ಅದರ ಬಾಯಿ ಕಟ್ಟಿದೆವು, ಅಷ್ಟೆ.

ಸುಂಟಿಕೊಪ್ಪದ ಕಡೆಯ ಒಂದು ತೋಟದಲ್ಲಿ ಕಂಡದ್ದು ಇದು. ಜುಲೈ ತಿಂಗಳು. ಸಿಲ್ವರ್ ಓಕಿನ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟು ಹೋಗಿತ್ತು. ಅದು ಬಂದ ಬೆಳಿಗ್ಗೆ ಸರ್ವರ್ ತಾನಾಗಿ ಎದ್ದಿತ್ತು, ಆದರೆ ತೋಟದ ಲೆಕ್ಕ ಬರೆಯುವ ರೈಟರ ಲ್ಯಾಪ್‌ಟಾಪಿನಲ್ಲಿ ಚೆಕ್‌ರೋಲು ತೆರೆಯಲಿಲ್ಲ. "ಸಿಡಿಲಿಗೆ ಡೇಟಾಬೇಸೇ ಹೋಗಿದೆ ಸಾರ್" ಎಂದು ರೈಟರು ತೀರ್ಪು ಕೊಟ್ಟರು. ಪಾಸ್‌ವರ್ಡ್ ಬದಲಾಯಿಸೋಣ ಎಂದರು ಯಜಮಾನರು. ಪರದೆಯ ಮೇಲಿದ್ದ ಸಂದೇಶವನ್ನು ಇಬ್ಬರೂ ಪೂರ್ತಿ ಓದಿರಲಿಲ್ಲ. 1130 ಎಂಬ ಸಂಖ್ಯೆ, ಪಕ್ಕದಲ್ಲಿ ಒಂದು ವಿಳಾಸ: 192.168.1.12. ಈ ವಿಳಾಸದಿಂದ ಬರುವವರಿಗೆ ಇಲ್ಲಿ ಪ್ರವೇಶವಿಲ್ಲ ಎಂಬುದು ಅದರ ತಾತ್ಪರ್ಯ. ರೈಟರ ಖಾತೆಯನ್ನು ತೆರೆದಾಗ ಅವರ ಲ್ಯಾಪ್‌ಟಾಪಿನ ವಿಳಾಸದ ಕೊನೆಯಲ್ಲಿ 7 ಇತ್ತು, ಖಾತೆಯನ್ನು ಅದಕ್ಕೇ ಕಟ್ಟಿದ್ದರು. ಕರೆಂಟು ಹೋಗಿ ಬಂದಾಗ ರೌಟರ್ ಹಳೆಯದನ್ನು ಮರೆತು ಹೊಸದಾಗಿ 12 ಹಂಚಿತು. ಸರ್ವರ್ ಪಾಸ್‌ವರ್ಡ್ ನೋಡುವ ಹಂತಕ್ಕೇ ಹೋಗಿರಲಿಲ್ಲ. ಪಾಸ್‌ವರ್ಡನ್ನು ಎಷ್ಟು ಸಲ ಬದಲಾಯಿಸಿದ್ದರೂ ಏನೂ ಆಗುತ್ತಿರಲಿಲ್ಲ.

ಇಲ್ಲಿ ಶೇಕಡಾ ಚಿಹ್ನೆ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತಲ್ಲ ಎನ್ನಬಹುದು. ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಹೋಮ್‌ಸ್ಟೇ ಇದೆ. ಬಂದ ಅತಿಥಿಗಳು ಕಾಫಿ ಕುಡಿಯುವ ಮೊದಲೇ ಕೇಳುವುದು ವೈಫೈ ಪಾಸ್‌ವರ್ಡು. ಅವರ ಫೋನುಗಳಿಗೂ ಅದೇ ರೌಟರ್ ಅದೇ 192.168.1ರ ಸಾಲಿನಲ್ಲೇ ವಿಳಾಸ ಕೊಡುತ್ತದೆ. ಹಾಗಾಗಿ ಆ ಸಾಲಿಗೆಲ್ಲ ಬಾಗಿಲು ತೆರೆಯುವುದೂ ನನಗೆ ಸರಿ ಕಾಣಲಿಲ್ಲ. ರೌಟರಿನಲ್ಲೇ ರೈಟರ ಲ್ಯಾಪ್‌ಟಾಪಿಗೆ 7ನ್ನು ಕಾಯಂ ಮಾಡಿಟ್ಟರೆ ಸಾಕಿತ್ತು. ಹಾಗೇ ಮಾಡಿದ್ದಾಯಿತು.

ಮೈಎಸ್‌ಕ್ಯೂಎಲ್ ಕುಟುಂಬದಲ್ಲಿ ಖಾತೆ ಎಂದರೆ ಬರೀ ಹೆಸರಲ್ಲ, ಹೆಸರು ಮತ್ತು ಎಲ್ಲಿಂದ ಬಂದಿರಿ ಎಂಬುದು ಸೇರಿ ಒಂದು ಖಾತೆ. ಒಂದೇ ಹೆಸರು ಲೋಕಲ್‌ಹೋಸ್ಟಿನಿಂದ ಬಂದರೆ ಒಬ್ಬ, ಪಕ್ಕದ ಕೋಣೆಯಿಂದ ಬಂದರೆ ಇನ್ನೊಬ್ಬ. ಇಬ್ಬರ ಪಾಸ್‌ವರ್ಡೂ ಬೇರೆ ಇರಬಹುದು, ಹಕ್ಕೂ ಬೇರೆ ಇರಬಹುದು. ಇದು ಗೊತ್ತಿಲ್ಲದೆ ಹೋದರೆ ಎಲ್ಲ ನಿರಾಕರಣೆಯೂ ಒಂದೇ ಥರ ಕಾಣುತ್ತದೆ. ಗೊತ್ತಿದ್ದವರಿಗೆ ಸಂಖ್ಯೆ ನೋಡಿದರೆ ಸಾಕು. 2003 ಎಂದರೆ ನೀವಿನ್ನೂ ಬಾಗಿಲಿಗೇ ಬಂದಿಲ್ಲ. ಸರ್ವರ್ ಎದ್ದಿಲ್ಲ, ಅಥವಾ ತನ್ನ ಯಂತ್ರದ ಆಚೆಗೆ ಕಿವಿಗೊಡುತ್ತಿಲ್ಲ. 1045 ಎಂದರೆ ಹೆಸರು, ಸ್ಥಳ, ಪಾಸ್‌ವರ್ಡು ಮೂರೂ ಕೂಡಿಬರಲಿಲ್ಲ. 1044 ಎಂದರೆ ನೀವು ಯಾರೆಂದು ಗೊತ್ತಾಗಿದೆ, ಆದರೆ ಆ ಡೇಟಾಬೇಸಿಗೆ ನಿಮಗೆ ಹಕ್ಕಿಲ್ಲ. 1142 ಬಂದರೆ ಡೇಟಾಬೇಸಿನವರೆಗೂ ಬಂದಿದ್ದೀರಿ, ಆ ಒಂದು ಟೇಬಲಿನಲ್ಲಿ ಆ ಒಂದು ಕೆಲಸಕ್ಕೆ ಮಾತ್ರ ತಡೆ. ಎಲ್ಲ ಹಕ್ಕು ಎಲ್ಲರಿಗೂ ಎಂದು ಒಮ್ಮೆ ಬರೆದುಬಿಟ್ಟರೆ ಈ ಭೇದಗಳೆಲ್ಲ ಅಳಿಸಿಹೋಗುತ್ತವೆ. ಮುಂದಿನ ಸಲ ನಿಜವಾಗಿಯೂ ಏನಾದರೂ ಕೆಟ್ಟಾಗ ಹಿಡಿಯಲು ಒಂದು ಎಳೆಯೂ ಉಳಿದಿರುವುದಿಲ್ಲ.

ಅತಿ ಹೆಚ್ಚು ಹೊತ್ತು ವ್ಯರ್ಥವಾಗುವುದು ಎಲ್ಲ ಹಕ್ಕೂ ಇರುವ ರೂಟ್ ಖಾತೆಯ ಪಾಸ್‌ವರ್ಡಿನ ಹಿಂದೆ. ಉಬುಂಟು, ಡೆಬಿಯನ್, ರಾಸ್ಪ್‌ಬೆರಿ ಪೈಗಳಲ್ಲಿ ಮರಿಯಾಡಿಬಿಯ ರೂಟ್ ಖಾತೆ ಸಾಮಾನ್ಯವಾಗಿ ಪಾಸ್‌ವರ್ಡನ್ನು ನೋಡುವುದೇ ಇಲ್ಲ. ಆ ಯಂತ್ರದಲ್ಲೇ ಕುಳಿತು, ಯಂತ್ರದ ಒಡೆಯನ ಅಧಿಕಾರ ಕೊಡುವ ಸುಡೋ ಎಂಬ ಆದೇಶದ ಮೂಲಕ ಬಂದವರನ್ನು ಕೇಳದೆ ಬಿಡುತ್ತದೆ. ಬೇರೆ ದಾರಿಯಲ್ಲಿ ಬಂದವರು ಬ್ರಹ್ಮನ ಪಾಸ್‌ವರ್ಡೇ ಕೊಟ್ಟರೂ ಬಿಡುವುದಿಲ್ಲ ಎನ್ನುತ್ತದೆ. ಜನ ಮಾತ್ರ ಪಾಸ್‌ವರ್ಡ್ ಮರೆತಿದ್ದೇವೆ ಎಂದುಕೊಂಡು ಹಕ್ಕುಪಟ್ಟಿ ಓದದ ಸ್ಥಿತಿಯಲ್ಲಿ ಸರ್ವರ್ ಏಳಿಸುತ್ತಾರೆ, ಏನೋ ತಿದ್ದುತ್ತಾರೆ, ಆ ಸಾಲನ್ನು ಕಾನ್ಫಿಗರೇಶನ್ ಫೈಲಿನಿಂದ ತೆಗೆಯಲು ಮರೆಯುತ್ತಾರೆ. ಆಮೇಲೆ ಆ ಸರ್ವರ್ ತಿಂಗಳುಗಟ್ಟಲೆ ಯಾರು ಬಂದರೂ ಬನ್ನಿ ಎನ್ನುತ್ತ ಕೂರುತ್ತದೆ. ಮೈಎಸ್‌ಕ್ಯೂಎಲ್ ಮಾಡಿದವರಿಗೆ ಈ ಮರೆವಿನ ಅಂದಾಜು ಇದ್ದಿರಬೇಕು: 2018ರಲ್ಲಿ ಬಂದ 8ನೇ ಆವೃತ್ತಿಯಲ್ಲಿ ಆ ಸ್ಥಿತಿಯಲ್ಲಿ ಎದ್ದ ಸರ್ವರ್ ಹೊರಗಿನ ಜಾಲದ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದೇ ಆವೃತ್ತಿ ಪಾಸ್‌ವರ್ಡ್ ಪರೀಕ್ಷಿಸುವ ವಿಧಾನವನ್ನೂ ಬದಲಾಯಿಸಿತು. ಹಳೆಯ ಸಾಫ್ಟ್‌ವೇರುಗಳಿಗೆ ಆ ಹೊಸ ವಿಧಾನ ತಿಳಿಯದು, ಬಯ್ಗುಳ ಮಾತ್ರ ಮತ್ತೆ ಪಾಸ್‌ವರ್ಡಿಗೇ.

ಇನ್ನು 777. ಯಾರು ಬೇಕಾದರೂ ಓದಿ, ಬರೆಯಿರಿ, ನಡೆಸಿ ಎನ್ನುವ ಈ ಸಂಖ್ಯೆಯಿಂದ ಏನೂ ನಿಲ್ಲುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ನಡೆಯುವುದು ತಿರುಗುಮುರುಗು. ಕಾನ್ಫಿಗರೇಶನ್ ಫೈಲನ್ನು ಎಲ್ಲರೂ ತಿದ್ದಬಹುದು ಎಂದು ಕಂಡರೆ ಮೈಎಸ್‌ಕ್ಯೂಎಲ್ ಅದನ್ನು ಓದದೆ ಪಕ್ಕಕ್ಕಿಡುತ್ತದೆ. ನೀವು ಬರೆದದ್ದೆಲ್ಲ ಅದರಲ್ಲೇ ಇರುತ್ತದೆ, ಸರ್ವರ್ ಮಾತ್ರ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸರ್ವರ್ ಇನ್ನೂ ಖಡಕ್ಕು: ದತ್ತಾಂಶದ ಫೋಲ್ಡರ್ 700 ಅಥವಾ 750 ಇಲ್ಲದಿದ್ದರೆ ಏಳುವುದೇ ಇಲ್ಲ. ಬಾಗಿಲು ಹಾರುಹೊಡೆದಿರುವ ಮನೆಯಲ್ಲಿ ತಾನಿರುವುದಿಲ್ಲ ಎಂದು ನೇರವಾಗಿ ಹೇಳುತ್ತದೆ.

ಫೈಲಿನ ತಕರಾರು ನಿಜವಾಗಿ ಹುಟ್ಟುವ ಜಾಗ ಬೇರೆ. ಮಳೆಗಾಲಕ್ಕೆ ಮುನ್ನ ಯಾರೋ ಜಾಣರು ಡೇಟಾದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟಿರುತ್ತಾರೆ. ಅಂಗಡಿಯಿಂದ ತಂದ ಪೆನ್‌ಡ್ರೈವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಮಾದರಿಯದು. ಈ ಫೈಲು ಯಾರದು ಎಂದು ಬರೆದಿಡಲು ಅದರಲ್ಲಿ ಜಾಗವೇ ಇಲ್ಲ. ಆಗಸ್ಟಿನಲ್ಲಿ ಡಿಸ್ಕು ಕೈಕೊಟ್ಟಾಗ ಅದನ್ನು ಸುಡೋ ಬಳಸಿ ಹಿಂದಕ್ಕೆ ಹಾಕುತ್ತಾರೆ. ಆಗ ಎಲ್ಲವೂ ರೂಟ್ ಒಡೆತನಕ್ಕೆ ಹೋಗುತ್ತದೆ. ಸರ್ವರ್ ಓಡುವುದು ಮೈಎಸ್‌ಕ್ಯೂಎಲ್ ಎಂಬ ಹೆಸರಿನ ಬಡ ಬಳಕೆದಾರನಾಗಿ. ತನ್ನದೇ ಫೈಲನ್ನು ಮುಟ್ಟಲಾಗದೆ ಅದು ದೋಷ 13 ಎಂದು ಲಾಗಿನಲ್ಲಿ ಬರೆದು ಬೀಳುತ್ತದೆ. ಒಡೆತನವನ್ನು ಅವನಿಗೆ ಮರಳಿಸುವ ಒಂದು ಸಾಲಿನ ಆದೇಶ ಸಾಕು. ಡೇಟಾವನ್ನು ಹೋಮ್ ಫೋಲ್ಡರಿಗೆ ಸಾಗಿಸಿದವರಿಗಂತೂ ಒಡೆತನ ಸರಿಯಿದ್ದರೂ ಅದೇ ದೋಷ. ಮರಿಯಾಡಿಬಿಯ ಸೇವೆಗೆ ಹೋಮ್ ಫೋಲ್ಡರೇ ಕಾಣದಂತೆ, ಸೇವೆಗಳನ್ನು ಏಳಿಸಿ ನಡೆಸುವ ಸಿಸ್ಟಮ್‌ಡಿ ಪರದೆ ಎಳೆದಿರುತ್ತದೆ. ಇದಕ್ಕೆ 777 ಅಲ್ಲ, 7777 ಹಾಕಿದರೂ ಉಪಯೋಗವಿಲ್ಲ.

"ಕೊಡಗಿನವರಿಗೆ ಕೋವಿಗೇ ಲೈಸೆನ್ಸ್ ಬೇಡ, ನಮ್ಮ ಕಂಪ್ಯೂಟರಿಗೆ ಇಷ್ಟೆಲ್ಲ ಯಾಕೆ?" ಎಂದು ಸುಂಟಿಕೊಪ್ಪದ ಆ ಯಜಮಾನರು ನಗುತ್ತ ಕೇಳಿದರು. ಚೆಂದದ ಪ್ರಶ್ನೆ, ಹಾಗಾಗಿ ಅದನ್ನೇ ಹಿಡಿದು ಮಾತಾಡೋಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿಗೂ ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರವಿದೆ. ಅದು ಯಾರ ಹೆಸರಿನಲ್ಲಿದೆ, ಯಾವ ಕೋವಿಗೆ ಎಂಬ ದಾಖಲೆಯಿದೆ. ಲೈಸೆನ್ಸ್ ಬೇಡ ಎಂದರೆ ಕೋವಿಯನ್ನು ಜಗಲಿಯಲ್ಲಿಟ್ಟು ಬಂದವರೆಲ್ಲ ಎತ್ತಿಕೊಳ್ಳಿ ಎಂದಲ್ಲ. ಯಜಮಾನರೂ ಹಾಗೆ ಇಡುವುದಿಲ್ಲ. ಒಳಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.

ಕಳ್ಳರ ಭಯ ಹುಟ್ಟಿಸಿ ವಾದ ಗೆಲ್ಲುವ ಆಸೆ ನನಗಿಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡಿಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಸರ್ವರುಗಳನ್ನು ಯಾರೋ ಖಾಲಿ ಮಾಡಿ, ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟು ಹೋದದ್ದುಂಟು. ಹಾಗೆ ಹುಡುಕುವವರು ಯಾರ ಮನೆ ಎಂದು ನೋಡುವುದಿಲ್ಲ, ಯಂತ್ರಗಳಿಂದ ವಿಳಾಸಗಳನ್ನು ಸಾಲಾಗಿ ತಟ್ಟುತ್ತ ಹೋಗುತ್ತಾರೆ. ಆದರೂ ತೋಟದ ಮನೆಯ ಸರ್ವರಿಗೆ ಅಪಾಯ ಬರುವುದು ಹೆಚ್ಚಾಗಿ ಮನೆಯವರಿಂದಲೇ. ಎಲ್ಲಿ ಅಳಿಸಬೇಕೆಂಬ ಷರತ್ತು ಬರೆಯಲು ಮರೆತು ಒತ್ತಿದ ಒಂದು ಡಿಲೀಟ್ ಸಾಕು, ಹೂಮಳೆಯಿಂದ ಹಿಡಿದು ಇಡೀ ವರ್ಷದ ಮಳೆ ದಾಖಲೆ ಹೋಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ರೈಟರ ವಿಷಯ. ಅವರಿಗೆ ಹಕ್ಕು ಕಡಿಮೆ ಮಾಡಿದರೆ ನಂಬಿಕೆಯಿಲ್ಲ ಎಂದಾಗುವುದಿಲ್ಲವೇ ಎಂದು ಹಲವರು ಹಿಂಜರಿಯುತ್ತಾರೆ. ನನಗೆ ಕಾಣುವುದು ಬೇರೆ. ಮನೆಯವರು, ಮೇಸ್ತ್ರಿ, ರೈಟರು ಎಲ್ಲರೂ ಒಂದೇ ರೂಟ್ ಹೆಸರಿನಲ್ಲಿ ಒಳಗೆ ಹೋಗುವ ಮನೆಯಲ್ಲಿ ಕೂಲಿ ದರದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ಅನುಮಾನ ಯಾರ ಮೇಲೆ ಬೀಳುತ್ತದೆ? ಸಂಬಳಕ್ಕಿರುವವರ ಮೇಲೆ. ದರದ ಟೇಬಲನ್ನು ತಿದ್ದುವ ಹಕ್ಕೇ ತಮ್ಮ ಖಾತೆಗೆ ಇಲ್ಲ ಎಂಬುದು ರೈಟರಿಗೆ ರಕ್ಷಣೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ತಾಲ್ಲೂಕು ಕಚೇರಿಯ ಸಿಬ್ಬಂದಿಯ ಲಾಗಿನ್‌ಗೆ ಬೆರಳಚ್ಚು ತಂದದ್ದೂ ತಿದ್ದಿದ ಕೈ ಯಾರದೆಂದು ಗೊತ್ತಿರಲಿ ಎಂದೇ. ಮನೆಯ ಸರ್ವರಿಗೆ ಬೆರಳಚ್ಚು ಬೇಡ. ತಲೆಗೊಂದು ಖಾತೆ, ಮತ್ತು ತಿದ್ದುಪಡಿಯಾದಾಗಲೆಲ್ಲ ಖಾತೆಯ ಹೆಸರನ್ನು ಬರೆದಿಡುವ ಒಂದು ಟ್ರಿಗರ್, ಇಷ್ಟಿದ್ದರೆ ಆಯಿತು.

ವಿರೋಧಿಗಳಿಗೆ ಒಂದು ಕಡೆ ಪೂರ್ತಿ ಸೋಲೊಪ್ಪುತ್ತೇನೆ. ಒಬ್ಬರೇ ಬಳಸುವವರು, ಒಂದೇ ಯಂತ್ರ, ಹೊರಗಿನಿಂದ ಯಾರೂ ನೋಡಬೇಕಿಲ್ಲ ಎಂದಿದ್ದರೆ ಈ ಕಟ್ಟುಪಾಡೆಲ್ಲ ದಂಡ. ಆದರೆ ಅಂಥವರಿಗೆ ಸರ್ವರೇ ಬೇಡ. 2000ದಲ್ಲಿ ರಿಚರ್ಡ್ ಹಿಪ್ ಹೊರತಂದ ಎಸ್‌ಕ್ಯೂಲೈಟ್ ಎಂಬುದಿದೆ. ಇಡೀ ಡೇಟಾಬೇಸು ಒಂದೇ ಫೈಲು. ಬಳಕೆದಾರರ ಪಟ್ಟಿಯಿಲ್ಲ, ಪಾಸ್‌ವರ್ಡಿಲ್ಲ, 1045 ಬರುವ ಪ್ರಶ್ನೆಯೇ ಇಲ್ಲ. ಬರೀ ಮಳೆ ಲೆಕ್ಕ ಇಡುವ ಮನೆಗೆ ನಾನು ಸೂಚಿಸುವುದು ಅದನ್ನೇ. ಹಲವರಿಗೆ ಹಲವು ಹಕ್ಕು ಹಂಚಲೆಂದೇ ಕಟ್ಟಿದ ಸರ್ವರನ್ನು ತಂದು, ಆ ಹಂಚಿಕೆಯನ್ನೇ ಕಿತ್ತುಹಾಕಿ ಬಳಸುವುದು ಮಾತ್ರ ನನಗೆ ಅರ್ಥವಾಗದು.

ಆ ತೋಟದಲ್ಲಿ ಈಗಿರುವ ಏರ್ಪಾಡು ಹೀಗೆ. ರೈಟರ ಖಾತೆ ಚೆಕ್‌ರೋಲನ್ನು ಓದಬಹುದು, ಹೊಸ ಸಾಲು ಸೇರಿಸಬಹುದು. ತೂಕ ತಪ್ಪಾಗಿ ಬಿದ್ದರೆ ತಿದ್ದಬೇಕಲ್ಲ, ಅದಕ್ಕೆ ತೂಕದ ಕಾಲಮ್ ಒಂದರ ಮೇಲೆ ಮಾತ್ರ ತಿದ್ದುವ ಹಕ್ಕು. ಕಾಲಮ್ ಲೆಕ್ಕದಲ್ಲೂ ಹಕ್ಕು ಕೊಡಬಹುದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದರದ ಟೇಬಲನ್ನು ನೋಡಬಹುದಷ್ಟೆ. ಹೋಮ್‌ಸ್ಟೇ ನೋಡಿಕೊಳ್ಳುವ ಮಗಳ ಖಾತೆಗೆ ಬುಕಿಂಗ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಯಜಮಾನರ ದಿನಬಳಕೆಯ ಖಾತೆಗೂ ಅಳಿಸುವ ಹಕ್ಕಿಲ್ಲ. "ಯಜಮಾನ ನಾನು, ನನಗೂ ಇಲ್ಲವಾ?" ಎಂದು ಅವರು ಕೇಳಿದರು. ಅಳಿಸಲೇಬೇಕಾದ ದಿನ ಎದ್ದು ಹೋಗಿ ಆ ಮೂಲೆಯ ಯಂತ್ರದ ಮುಂದೆ ಕುಳಿತು ಸುಡೋ ಹಾಕಿ ಒಳಗೆ ಹೋಗಿ ಎಂದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಆದರೆ ಕಳೆದ ಸಲ ಫೋನ್ ಮಾಡಿದಾಗ "ಒಳಗೆ ಬಿಡ್ತಾ ಇಲ್ಲ" ಎನ್ನುವ ಬದಲು "1142 ಅಂತಿದೆ, ದರದ ಟೇಬಲಂತೆ" ಎಂದರು, ಮತ್ತು ನಾನು ಏನಾದರೂ ಹೇಳುವ ಮೊದಲೇ ಹಿಂದಿನಿಂದ ರೈಟರ ದನಿ ಕೇಳಿತು: "ಅದು ನಾನು ಸಾರ್, ತಪ್ಪಿ ಒತ್ತಿದ್ದೆ."