ಹಾರೈಕೆಯ ಕಾಗದಕ್ಕೆ ಮದ್ಯದ ಬಟ್ಟಲೇಕೆ?

ಕೈಯಿಂದ ತಯಾರಿಸುವ ಶುಭಾಶಯ ಪತ್ರಗಳು ಇಂದು ನಮ್ಮ ಅನೇಕ ಮನೆಗಳಲ್ಲಿ ಹೊಸ ಅಭಿರುಚಿಯಾಗಿ ಬೆಳೆಯುತ್ತಿವೆ. ಈದ್‌ಗೆ, ನಿಕಾಹ್‌ಗೆ, ಮಗು ಹುಟ್ಟಿದ ಸಂತೋಷಕ್ಕೆ ನಮ್ಮ ಹೆಣ್ಣುಮಕ್ಕಳು ದಪ್ಪ ಕಾಗದವನ್ನು ಅಳೆದು ಮಡಚುತ್ತಾರೆ. ರಬ್ಬರ್ ಅಚ್ಚಿಗೆ ಶಾಯಿ ತಾಗಿಸಿ ಒತ್ತುತ್ತಾರೆ. ಹಸಿ ಶಾಯಿಯ ಮೇಲೆ ಚಿನ್ನದ ಬಣ್ಣದ ಪುಡಿ ಉದುರಿಸಿ, ಬಿಸಿಗಾಳಿ ಹಾಯಿಸಿ, ಅಕ್ಷರಗಳು ಉಬ್ಬಿ ಹೊಳೆಯುವಂತೆ ಮಾಡುತ್ತಾರೆ. ಕ್ಷಣಾರ್ಧದಲ್ಲಿ ನೂರು ಮಂದಿಗೆ ಒಂದೇ ಸಂದೇಶ ರವಾನಿಸುವ ಈ ಕಾಲದಲ್ಲಿ, ಒಬ್ಬರಿಗಾಗಿ ಒಂದು ಗಂಟೆ ಕುಳಿತು ಕಾಗದ ಕತ್ತರಿಸುವವರಿದ್ದಾರೆ ಎಂಬುದೇ ಸಂತೋಷದ ಸಂಗತಿ. ಕೆಲವರಿಗೆ ಇದು ಹವ್ಯಾಸದ ಎಲ್ಲೆ ದಾಟಿ ಸಣ್ಣ ಆದಾಯದ ದಾರಿಯೂ ಆಗಿದೆ. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಈ ಕಲೆಯ ಅಚ್ಚುಗಳೂ ಮಾದರಿಗಳೂ ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನ ಗ್ರಾಹಕರನ್ನು ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡವು. ಅಲ್ಲಿ ವೈನ್ ಎಂಬುದು ಹೂವು, ಚಿಟ್ಟೆ, ಹುಟ್ಟುಹಬ್ಬದ ಕೇಕುಗಳಷ್ಟೇ ಸಾಮಾನ್ಯವಾದ ಅಲಂಕಾರ ವಸ್ತು. ಒಂದೇ ಪೊಟ್ಟಣದಲ್ಲಿ ಬಾಟಲಿಯ ಅಚ್ಚು, ಬಟ್ಟಲಿನ ಅಚ್ಚು, ಬಿರಡೆ ತೆಗೆಯುವ ಸಾಧನದ ಅಚ್ಚು, ದ್ರಾಕ್ಷಿ ಗೊಂಚಲಿನ ಅಚ್ಚು, ಜೊತೆಗೆ ನಾಲ್ಕಾರು ಚುರುಕು ಮಾತುಗಳ ಅಚ್ಚು. ದಿನದ ದಣಿವಿಗೆ ಒಂದು ಬಟ್ಟಲು ಸಾಕು ಎಂಬುದು ಒಂದರ ಧಾಟಿ. ವಯಸ್ಸಾದಂತೆ ನೀನೂ ವೈನ್‌ನಂತೆ ಸೊಗಸಾಗುತ್ತಿರುವೆ ಎಂಬುದು ಇನ್ನೊಂದರ ಧಾಟಿ. ಬಾಟಲಿಯ ಆಕಾರಕ್ಕೇ ಕತ್ತರಿಸಿದ ಪತ್ರಗಳಿವೆ. ಉಡುಗೊರೆಯ ಬಾಟಲಿಯ ಕೊರಳಿಗೆ ತೂಗುಹಾಕುವ ಚೀಟಿಗಳಿವೆ.

ನಮಗೆ ಪರಿಚಯವಿರುವ ಒಂದು ಮನೆಯ ಯುವತಿಗೆ ಇಂಥದೊಂದು ಬೇಡಿಕೆ ಬಂತು. ಗೆಳೆಯರ ಕೂಟವೊಂದಕ್ಕೆ ವೈನ್ ಬಟ್ಟಲಿನ ಚಿತ್ರವಿರುವ ಇಪ್ಪತ್ತೈದು ಪತ್ರಗಳು ಬೇಕಿದ್ದವು. ಬೇಡವೆಂದು ಮನೆಯವರು ಹೇಳಿದಾಗ ಅವಳು ಕೇಳಿದ ಪ್ರಶ್ನೆ ಇದು: "ಅಬ್ಬಾ, ನಾನು ಕುಡಿಯುತ್ತಿಲ್ಲ, ಮಾರುತ್ತಿಲ್ಲ, ಯಾರಿಗೂ ಬಡಿಸುತ್ತಿಲ್ಲ. ಕಾಗದ ಕತ್ತರಿಸಿ ಅಂಟಿಸುತ್ತಿದ್ದೇನೆ ಅಷ್ಟೆ. ಇದರಲ್ಲಿ ತಪ್ಪೇನಿದೆ?"

ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಉತ್ತರಿಸುವುದು ನಮ್ಮ ಕರ್ತವ್ಯ. ಫತ್ವಾ ನೀಡುವ ಅಧಿಕಾರ ನಮಗಿಲ್ಲ, ಅದು ವಿದ್ವಾಂಸರಿಗೆ ಸೇರಿದ್ದು. ಆದರೆ ವಿಶ್ವಾಸಿಯೊಬ್ಬಳು ತನ್ನ ಕೈಯ ಕೆಲಸವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದನ್ನು ನಾವು ಕೂಡಿ ಆಲೋಚಿಸಬಹುದು.

ಮೊದಲನೆಯ ವಾದ: ಇದು ಬರೀ ಚಿತ್ರ. ಚಿತ್ರಕ್ಕೆ ಶಕ್ತಿಯಿಲ್ಲವೆಂದು ಮದ್ಯದ ಕಂಪೆನಿಗಳು ಎಂದೂ ನಂಬಿಲ್ಲ. ನಮ್ಮ ದೇಶದಲ್ಲಿ 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮದ್ಯದ ಜಾಹೀರಾತಿಗೆ ತಡೆಯೊಡ್ಡಿದವು. ಆಗ ಕಂಪೆನಿಗಳು ಸುಮ್ಮನಾದವೇ? ಅದೇ ಹೆಸರಿನಲ್ಲಿ ಸೋಡಾ, ಕುಡಿಯುವ ನೀರು, ಸಂಗೀತದ ಸಿ.ಡಿ.ಗಳನ್ನು ಜಾಹೀರಾತಿಗೆ ತಂದವು. ಬಾಟಲಿಯನ್ನು ತೋರಿಸದಿದ್ದರೂ ಅದರ ನೆನಪು ಜನರ ಮನದಲ್ಲಿ ಉಳಿದರೆ ಸಾಕು, ಅದೂ ಸಂತೋಷದ, ಗೆಳೆತನದ, ಗೆಲುವಿನ ಜೊತೆ ಬೆಸೆದ ನೆನಪಾಗಿ ಉಳಿದರೆ ಸಾಕು ಎಂಬುದು ಅವರ ಲೆಕ್ಕ. ಅವರು ಕೋಟಿಗಟ್ಟಲೆ ಸುರಿದು ಮಾಡಿಸುವ ಈ ಕೆಲಸವನ್ನು ನಮ್ಮ ಮಗಳು ತನ್ನ ಕತ್ತರಿ, ಅಂಟು, ಬಿಡುವಿನ ವೇಳೆಗಳಿಂದ ಪುಕ್ಕಟೆ ಮಾಡಿಕೊಡಬೇಕೇ?

ಶುಭಾಶಯ ಪತ್ರದ ಇತಿಹಾಸವೇ ಇದಕ್ಕೊಂದು ಸಾಕ್ಷಿ. ಮಾರಾಟಕ್ಕಾಗಿ ಮುದ್ರಿಸಿದ ಮೊದಲ ಕ್ರಿಸ್‌ಮಸ್ ಪತ್ರವೆಂದು ಹೆಸರಾದದ್ದು 1843ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಹೆನ್ರಿ ಕೋಲ್ ಮಾಡಿಸಿದ, ಜಾನ್ ಕಾಲ್‌ಕಾಟ್ ಹಾರ್ಸ್ಲಿ ಚಿತ್ರಿಸಿದ ಆ ಪತ್ರದ ಸುಮಾರು 1000 ಪ್ರತಿಗಳು ಅಚ್ಚಾದವು, ಬೆಲೆ ಒಂದು ಶಿಲ್ಲಿಂಗ್. ಅದರ ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನ ನೀಡುವ, ಬಟ್ಟೆ ಹೊದಿಸುವ ಚಿತ್ರಗಳಿದ್ದವು. ನಡುವೆ ಇದ್ದದ್ದು ವೈನ್ ಬಟ್ಟಲುಗಳನ್ನೆತ್ತಿ ಹಿಡಿದ ಕುಟುಂಬ. ಆ ಕುಟುಂಬದ ಪುಟ್ಟ ಮಗುವಿನ ತುಟಿಗೂ ಬಟ್ಟಲು ತಾಗಿತ್ತು. ಅಂದು ಅದನ್ನು ಪ್ರತಿಭಟಿಸಿದವರು ಮುಸ್ಲಿಮರಲ್ಲ, ಇಂಗ್ಲೆಂಡಿನ ಕ್ರೈಸ್ತ ಸಮಾಜದೊಳಗಿನ ಪಾನವಿರೋಧಿ ಚಳವಳಿಗಾರರು. ಮಗುವಿಗೆ ಕುಡಿಸುವುದನ್ನು ಹಬ್ಬದ ಹರ್ಷವೆಂದು ತೋರಿಸಬೇಡಿ ಎಂಬುದು ಅವರ ಆಕ್ಷೇಪದ ಸಾರ. ಬಡವರಿಗೆ ಅನ್ನವಿಕ್ಕುವ ಪುಣ್ಯಕಾರ್ಯ ಅಂಚಿಗೆ ಸರಿದು, ಮದ್ಯದ ಬಟ್ಟಲು ನಡುಮಧ್ಯೆ ಕುಳಿತ ಆ ಪತ್ರವನ್ನು ನೋಡಿದಾಗ, ಚಿತ್ರವೊಂದು ಎಷ್ಟು ಮೆಲ್ಲನೆ ತನ್ನ ಪಾಠವನ್ನು ಕಲಿಸುತ್ತದೆ ಎಂಬುದು ಅರಿವಾಗುತ್ತದೆ.

ಇನ್ನು ನಮ್ಮ ಧರ್ಮದ ನಿಲುವನ್ನು ನೋಡೋಣ. ಪವಿತ್ರ ಕುರ್‌ಆನಿನ ಅಲ್‌ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಮದ್ಯವನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿಗೆ ಸೇರಿಸಿವೆ. ಅದರ ಮೂಲಕ ಅವನು ಮನುಷ್ಯರ ನಡುವೆ ವೈರವನ್ನು ಬಿತ್ತಲು, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ಅವರನ್ನು ತಡೆಯಲು ಬಯಸುತ್ತಾನೆಂದು ಎಚ್ಚರಿಸಿವೆ. ಗಮನಿಸಬೇಕಾದುದೇನೆಂದರೆ, ಅಲ್ಲಿ ಬಂದಿರುವ ಆಜ್ಞೆ ಕುಡಿಯಬೇಡಿ ಎಂಬಷ್ಟಕ್ಕೆ ನಿಲ್ಲುವುದಿಲ್ಲ, ಅದರಿಂದ ದೂರವಿರಿ ಎಂದು ಆದೇಶಿಸುತ್ತದೆ. ಕುಡಿಯದಿರುವುದು ಬಾಯಿಯ ಕೆಲಸ. ದೂರವಿರುವುದು ಕಾಲಿನ, ಕೈಯ, ಕಣ್ಣಿನ, ಮನಸ್ಸಿನ ಕೆಲಸ.

ಮದ್ಯದ ವಿಷಯದಲ್ಲಿ ಶಾಪಕ್ಕೊಳಗಾದ ಹತ್ತು ಮಂದಿಯನ್ನು ಪ್ರವಾದಿ(ಸ)ರು ಎಣಿಸಿದ ಹದೀಸ್ ತಿರ್ಮಿದಿಯಲ್ಲಿದೆ. ಕುಡಿಯುವವನು ಆ ಹತ್ತರಲ್ಲಿ ಒಬ್ಬ ಮಾತ್ರ. ಹಿಂಡುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು ಉಳಿದವರಲ್ಲಿ ಸೇರಿದ್ದಾರೆ. ಬಡ್ಡಿಯ ಕುರಿತಾದ ಹದೀಸ್‌ನಲ್ಲಿ ಲೆಕ್ಕ ಬರೆದವನೂ ಸಾಕ್ಷಿ ನಿಂತವರೂ ಪಾಲುದಾರರು. ಆ ಲೆಕ್ಕಿಗನೂ, ನಾನು ಕಾಗದದ ಮೇಲೆ ಬರೆದೆ ಅಷ್ಟೆ, ಎನ್ನಬಹುದಿತ್ತು. ಪತ್ರ ತಯಾರಿಸುವವಳು ಆ ಹತ್ತು ಮಂದಿಯಲ್ಲಿ ಒಬ್ಬಳೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವುದು ಅತಿರೇಕ. ಆದರೆ ಕೆಡುಕೊಂದು ಒಂಟಿಯಾಗಿ ನಿಲ್ಲುವುದಿಲ್ಲ, ಅದನ್ನು ಹೊರುವ ಅನೇಕ ಕೈಗಳಿರುತ್ತವೆ ಎಂಬ ಪಾಠ ಈ ಹದೀಸ್‌ಗಳಲ್ಲಿ ಸ್ಪಷ್ಟವಾಗಿದೆ.

ಪಾತ್ರೆಗಳ ಕುರಿತೂ ಒಂದು ಮಾರ್ಗದರ್ಶನವಿದೆ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಬಂದಾಗ ಪ್ರವಾದಿ(ಸ)ರು ಮದ್ಯ ತಯಾರಿಕೆಗೆ ಬಳಸುತ್ತಿದ್ದ ನಾಲ್ಕು ಬಗೆಯ ಪಾತ್ರೆಗಳನ್ನೇ ನಿಷೇಧಿಸಿದರು. ಸೋರೆ ಬುರುಡೆ, ಮೆರುಗು ಕೊಟ್ಟ ಮಡಕೆ, ಡಾಂಬರು ಬಳಿದ ಪಾತ್ರೆ, ಖರ್ಜೂರದ ಬೊಡ್ಡೆಯನ್ನು ಕೊರೆದು ಮಾಡಿದ ಪಾತ್ರೆ. ನಂತರದ ದಿನಗಳಲ್ಲಿ, ಅಮಲು ಬರಿಸುವುದನ್ನು ಕುಡಿಯದಿದ್ದರಾಯಿತೆಂದು ಪಾತ್ರೆಗಳಿಗೆ ಅನುಮತಿ ದೊರೆಯಿತು. ಇದನ್ನು ನಾವು ಮರೆಮಾಚಬಾರದು. ಪಾತ್ರೆ ತನ್ನಷ್ಟಕ್ಕೆ ಅಪವಿತ್ರವಲ್ಲ, ಗಾಜಿನ ಬಟ್ಟಲು ಹರಾಮ್ ಅಲ್ಲ. ಆದರೆ ಹಳೆಯ ಚಟವನ್ನು ನೆನಪಿಸುವವರೆಗೆ ಪಾತ್ರೆಯನ್ನೂ ದೂರವಿಡಿಸಿದ ಆ ಜಾಣ್ಮೆ ನಮ್ಮ ಚರ್ಚೆಗೆ ದಾರಿದೀಪ. ನಮ್ಮ ಪತ್ರದ ಮೇಲಿನ ಬಟ್ಟಲು ಏನನ್ನು ನೆನಪಿಸುತ್ತದೆ? ಷರಬತ್ತನ್ನಲ್ಲ. ಅದರ ಕೆಳಗೆ ಒತ್ತಿದ ಅಚ್ಚಿನ ಮಾತೇ ಅದು ಏನೆಂದು ಸಾರುತ್ತಿದೆ.

ಎರಡನೆಯ ವಾದವನ್ನು ಓದುಬರಹ ಬಲ್ಲವರು ಎತ್ತುತ್ತಾರೆ. ಹಾಫಿಝ್‌ರಂತಹ ಪಾರ್ಸಿ ಕವಿಗಳ ಕಾವ್ಯದಲ್ಲಿ ಮಧುಪಾತ್ರೆ ಇಲ್ಲವೇ? ಮೊಗಲರ ಚಿತ್ರಗಳಲ್ಲಿ ಬಟ್ಟಲು ಹಿಡಿದ ರಾಜರಿಲ್ಲವೇ? ಇದ್ದಾರೆ. ಸೂಫಿ ಪರಂಪರೆ ಆ ಮಧುವನ್ನು ದೇವಪ್ರೇಮದ ಸಂಕೇತವಾಗಿ ಓದಿತು. ಸಂಜೆಯ ದಣಿವಿಗೆ ಒಂದು ಬಟ್ಟಲು ಎನ್ನುವ ಹುಟ್ಟುಹಬ್ಬದ ಪತ್ರದಲ್ಲಿ ಯಾವ ದೇವಪ್ರೇಮವಿದೆ? ಇನ್ನು ಮೊಗಲರ ಮಾತು. ಜಹಾಂಗೀರ್ ತನ್ನ ಕುಡಿತದ ಚಟವನ್ನು ತನ್ನ ಆತ್ಮಕಥನದಲ್ಲೇ ಒಪ್ಪಿಕೊಂಡಿದ್ದಾನೆ. ಅವನ ಸಹೋದರರಾದ ಮುರಾದ್ ಮತ್ತು ದಾನಿಯಾಲ್ ಇಬ್ಬರೂ ಕುಡಿತಕ್ಕೆ ಬಲಿಯಾದರು. ಅಕ್ಬರನಂತಹ ಚಕ್ರವರ್ತಿಗೂ ತನ್ನ ಇಬ್ಬರು ಮಕ್ಕಳನ್ನು ಬಟ್ಟಲಿನಿಂದ ಬಿಡಿಸಿಕೊಳ್ಳಲಾಗಲಿಲ್ಲ. ಚಿತ್ರದಲ್ಲಿ ರತ್ನಖಚಿತವಾಗಿ ಕಾಣುವ ಬಟ್ಟಲಿನ ಹಿಂದೆ ಎರಡು ಗೋರಿಗಳಿವೆ. ರಾಜರ ದೌರ್ಬಲ್ಯ ನಮಗೆ ಪ್ರಮಾಣವಲ್ಲ, ಪಾಠ.

ಮೂರನೆಯ ವಾದ ವ್ಯವಹಾರದ್ದು. ನಿರಾಕರಿಸಿದರೆ ಗ್ರಾಹಕರು ನೊಂದುಕೊಳ್ಳುತ್ತಾರೆ, ನಮ್ಮನ್ನು ಸಂಕುಚಿತರೆನ್ನುತ್ತಾರೆ. ಸಸ್ಯಾಹಾರಿ ಅಡುಗೆಯವರು ಬಿರಿಯಾನಿ ಮಾಡಿಕೊಡಲು ಒಪ್ಪದಿದ್ದರೆ ನಾವು ಅವರನ್ನು ಸಂಕುಚಿತರೆನ್ನುತ್ತೇವೆಯೇ? ಇಲ್ಲ, ಗೌರವಿಸಿ ಬೇರೆಡೆ ಹೋಗುತ್ತೇವೆ. ಮುಗುಳ್ನಗೆಯೊಡನೆ, ಇದೊಂದನ್ನು ನಾನು ಮಾಡುವುದಿಲ್ಲ, ಬೇರೆ ಚಂದದ ವಿನ್ಯಾಸ ಮಾಡಿಕೊಡುತ್ತೇನೆ ಎಂದು ಹೇಳುವವಳ ಮೇಲೆ ಬಹುಪಾಲು ಜನರಿಗೆ ಗೌರವವೇ ಮೂಡುತ್ತದೆ. ಕೆಲವರು ಮುಖ ತಿರುಗಿಸಿದರೆ ಆ ನಷ್ಟವನ್ನು ತುಂಬಿಕೊಡುವವನು ಅಲ್ಲಾಹನು.

ಇಷ್ಟನ್ನು ಆ ಯುವತಿಗೆ ಹೇಳಿದ ಮೇಲೆ ಅವಳು ಮತ್ತೊಂದು ಪ್ರಶ್ನೆ ಕೇಳಿದಳೆಂದು ತಿಳಿಯಿತು. "ಹಾಗಾದರೆ ಅಬ್ಬಾ, ಪೇಟೆಯಲ್ಲಿರುವ ನಮ್ಮ ಕಟ್ಟಡದ ಕೆಳಗಿನ ಮಳಿಗೆ ಯಾರಿಗೆ ಬಾಡಿಗೆಗಿದೆ?" ಆ ಮಳಿಗೆ ಮದ್ಯದಂಗಡಿಗೆ ಬಾಡಿಗೆಗಿತ್ತು. ಮನೆಯಲ್ಲಿ ಮೌನ ಆವರಿಸಿತು.

ಈ ಮೌನ ಆ ಒಂದು ಮನೆಯದಲ್ಲ, ನಮ್ಮದು. ಇಪ್ಪತ್ತೈದು ಕಾಗದದ ಬಟ್ಟಲುಗಳ ಮೇಲೆ ನಮಗೆ ಧರ್ಮ ನೆನಪಾಗುತ್ತದೆ, ತಿಂಗಳ ಬಾಡಿಗೆಯ ಮೇಲೆ ನೆನಪಾಗುವುದಿಲ್ಲ. ಮಗಳ ಕತ್ತರಿಯನ್ನು ಕಸಿದುಕೊಳ್ಳುವ ಕೈ ಬಾರ್ ಮಾಲಿಕನ ಚೆಕ್ಕನ್ನು ಪಡೆಯುವಾಗ ನಡುಗುವುದಿಲ್ಲ. ಶಾಪಕ್ಕೊಳಗಾದ ಹತ್ತರ ಪಟ್ಟಿಯಲ್ಲಿ ಅದರ ಬೆಲೆಯನ್ನು ತಿನ್ನುವವನ ಹೆಸರಿದೆ ಎಂಬುದನ್ನು ನಾವು ಹುಡುಗಿಗೆ ಓದಿ ಹೇಳುವ ಮುನ್ನ ನಾವೇ ಓದಿಕೊಳ್ಳಬೇಕಲ್ಲವೇ? ಮಕ್ಕಳಿಗೆ ಮಾಡುವ ಉಪದೇಶ ನಮ್ಮ ಲೆಕ್ಕದ ಪುಸ್ತಕದಿಂದ ಆರಂಭವಾಗಲಿ. ಇಲ್ಲವಾದರೆ ಅವರು ಕಲಿಯುವುದು ಧರ್ಮವನ್ನಲ್ಲ, ಕಪಟವನ್ನು.

ಮದ್ಯದ ನಿಜವಾದ ಚಿತ್ರ ಯಾವುದೆಂದು ತಿಳಿಯಬೇಕಾದರೆ ಕಾಗದದ ಪತ್ರವನ್ನು ನೋಡಬೇಕಾಗಿಲ್ಲ. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಬಂದರು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಗಂಡನ ಕೂಲಿ ಮನೆಗೆ ತಲುಪುವ ಮೊದಲೇ ಕರಗುವುದನ್ನು ಕಂಡವರು ಅವರು, ಹೊಡೆತ ತಿಂದವರು ಅವರು. ವೈನ್ ಬೇರೆ, ಸಾರಾಯಿ ಬೇರೆ ಎನ್ನುವವರಿದ್ದಾರೆ. ಯಾವ ಪ್ರಮಾಣದ ಮದ್ಯಸೇವನೆಯೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಾಗ ಅದು ದುಬಾರಿ ಬಾಟಲಿಗೆ ವಿನಾಯಿತಿ ನೀಡಲಿಲ್ಲ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತೆಂಬುದೂ ಅದೇ ಸಂಸ್ಥೆಯ ಅಂದಾಜು. ಬೇರೆ ಹೆಸರಿಟ್ಟು ಮದ್ಯ ಕುಡಿಯುವವರು ಬರುತ್ತಾರೆಂದು ಪ್ರವಾದಿ(ಸ)ರು ಮೊದಲೇ ಎಚ್ಚರಿಸಿದ್ದಾರೆ. ಚಂದದ ಕಾಗದ, ಚಿನ್ನದ ಅಕ್ಷರ, ಚುರುಕಾದ ಮಾತುಗಳೂ ಒಂದು ಬಗೆಯ ಬೇರೆ ಹೆಸರೇ.

ಶುಭಾಶಯ ಪತ್ರವೆಂದರೆ ಹಾರೈಕೆ. ವಿಶ್ವಾಸಿಯ ಹಾರೈಕೆಯೆಂದರೆ ದುಆ. ನಾವು ಯಾರಿಗಾದರೂ ಪತ್ರ ಕೊಟ್ಟಾಗ, ಇದರಲ್ಲಿರುವುದು ನಿಮಗೆ ಸಿಗಲಿ ಎಂದು ಹಾರೈಸುತ್ತೇವೆ. ನಮಗೆ ಹಾನಿಯೆಂದು ನಾವು ದೃಢವಾಗಿ ನಂಬಿರುವುದನ್ನು ನೆರೆಯವರಿಗೆ, ಗೆಳತಿಗೆ, ಗ್ರಾಹಕರಿಗೆ ಹೇಗೆ ಹಾರೈಸೋಣ? ಅವರು ನಮ್ಮ ಧರ್ಮದವರಲ್ಲದಿದ್ದರೆ ಅವರ ಯಕೃತ್ತು, ಅವರ ಸಂಸಾರ, ಅವರ ಮಕ್ಕಳ ನೆಮ್ಮದಿ ನಮಗೆ ಅಗ್ಗವೇ? ಈ ಬಟ್ಟಲನ್ನು ಒತ್ತಲು ನಿರಾಕರಿಸುವುದು ಅವರ ಮೇಲಿನ ತಿರಸ್ಕಾರವಲ್ಲ, ಪ್ರೀತಿ.

ಆದುದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಸಹೋದ್ಯೋಗಿಯೊಬ್ಬರು ವೈನ್ ಬಟ್ಟಲಿನ ಚಿತ್ರವಿರುವ ಪತ್ರವನ್ನು ನಮಗೆ ಕೊಟ್ಟರೆ ಮುಖ ಸಿಂಡರಿಸುವುದು ಬೇಡ. ಅವರು ಕೊಟ್ಟದ್ದು ತಮ್ಮ ಪ್ರೀತಿಯನ್ನು, ಅದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ನಾವು ಹಿಂದಿರುಗಿ ಕೊಡುವ ಪತ್ರದಲ್ಲಿ ನಮ್ಮ ಮೌಲ್ಯ ಮಾತಾಡಲಿ.

ಆ ಪತ್ರದಲ್ಲಿ ಏನಿರಬೇಕು? ವೈನ್ ಅಚ್ಚುಗಳ ಪೊಟ್ಟಣ ಈಗಾಗಲೇ ಮನೆಯಲ್ಲಿದ್ದರೆ ಅದರ ದ್ರಾಕ್ಷಿ ಗೊಂಚಲನ್ನೂ ಬಳ್ಳಿಯನ್ನೂ ಎತ್ತಿಟ್ಟುಕೊಳ್ಳಿ. ದ್ರಾಕ್ಷಿಯನ್ನು ಪವಿತ್ರ ಕುರ್‌ಆನ್ ಅನುಗ್ರಹಗಳ ಸಾಲಿನಲ್ಲಿ ಹಲವೆಡೆ ಹೆಸರಿಸಿದೆ. ವಿಜಯಪುರದ ಒಣದ್ರಾಕ್ಷಿಯ ಒಂದು ಪುಟ್ಟ ಪೊಟ್ಟಣಕ್ಕೆ ಆ ಗೊಂಚಲಿನ ಚೀಟಿ ತೂಗುಹಾಕಿ ಕೊಟ್ಟರೆ ಅದಕ್ಕಿಂತ ಸೊಗಸಾದ ಉಡುಗೊರೆ ಯಾವುದು? ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸುವ ಅಮೃತಶಿಲೆಯಂಥ ಅಲೆವಿನ್ಯಾಸವನ್ನು ಹದಿನೇಳನೇ ಶತಮಾನದ ದಖ್ಖನಿನ ಕಲಾವಿದರು ಬಲ್ಲವರಾಗಿದ್ದರು. ಬಿಜಾಪುರದ್ದೆಂದು ಗುರುತಿಸಲಾದ ಅಂಥ ಚಿತ್ರಗಳನ್ನು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಇಂದಿಗೂ ಜೋಪಾನವಾಗಿಟ್ಟಿವೆ. ನಮ್ಮದೇ ನೆಲದ ಈ ಕಾಗದದ ಕಲೆ ನಮ್ಮ ಮಕ್ಕಳಿಗೆ ಅಪರಿಚಿತವಾಗಿರುವುದು ವಿಷಾದನೀಯ. ಬೀದರಿನ ಬಿದ್ರಿ ಪಾತ್ರೆಗಳ ಹೂಬಳ್ಳಿ, ಗೋಲಗುಮ್ಮಟದ ಕಮಾನು, ಅರಬಿ ಲಿಪಿಯ ಬಾಗು, ಕನ್ನಡ ಅಕ್ಷರದ ದುಂಡು ಇವೆಲ್ಲ ಅಚ್ಚಾಗಲು ಕಾದಿವೆ. ವಯಸ್ಸಾದವರನ್ನು ಹೊಗಳಲು ವೈನ್‌ನ ಹೋಲಿಕೆಯೇ ಬೇಕೇ? ನಮ್ಮ ಅಡುಗೆಮನೆಯ ಭರಣಿಯಲ್ಲಿ ಹಳೆಯದಾದಷ್ಟೂ ರುಚಿಯೇರುವ ಉಪ್ಪಿನಕಾಯಿ ಇದೆಯಲ್ಲ!

ಆ ಯುವತಿಯ ಕೈಯಿಂದ ಕತ್ತರಿಯನ್ನು ಕಸಿಯಬೇಡಿ. ಅವಳಿಗೆ ಒಳ್ಳೆಯ ಕಾಗದ ತಂದುಕೊಡಿ. ಆ ಕಾಗದವನ್ನು ಮಳಿಗೆಯ ಬಾಡಿಗೆ ಹಣದಿಂದ ಕೊಳ್ಳಬೇಡಿ. ಮೊದಲು ಆ ಬಾಡಿಗೆ ಕರಾರನ್ನು ಕೊನೆಗೊಳಿಸಿ, ಆಮೇಲೆ ಮಗಳ ಎದುರು ಕುಳಿತು ಮಾತಾಡಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮದ್ಯ ನಿಷೇಧದ ಘೋಷಣೆ ಕಿವಿಗೆ ಬಿದ್ದಾಗ ಅನಸ್(ರ)ರು ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಬಡಿಸುತ್ತಿದ್ದರು. ಅದನ್ನು ಹೊರಗೆ ಚೆಲ್ಲಿಬಿಡು ಎಂದು ಮನೆಯ ಯಜಮಾನರೇ ಅವರಿಗೆ ಹೇಳಿದರು. ಅಂದು ಮದ್ಯ ಮದೀನಾದ ಬೀದಿಗಳಲ್ಲಿ ಹರಿಯಿತು. ಮೊದಲು ಆಜ್ಞೆ ಪಾಲಿಸಿದವರು ಹಿರಿಯರು, ಚೆಲ್ಲಿದ್ದು ಸ್ವಂತ ಮನೆಯ ಮದ್ಯವನ್ನು. ನಮ್ಮ ಮನೆಗಳಲ್ಲೂ ಸುಧಾರಣೆ ಇದೇ ಕ್ರಮದಲ್ಲಿ ನಡೆಯಲಿ. ನಮ್ಮ ಕೈಗಳ ಕೌಶಲವನ್ನೂ ನಮ್ಮ ಸಂಪಾದನೆಯನ್ನೂ ಅಲ್ಲಾಹನು ಶುದ್ಧವಾಗಿರಿಸಲಿ. ಆಮೀನ್.